ದೀಪಕ್ ವಿಮಾನ ಮತ್ತು ಅಮ್ಮನ ಮುಡಿಪು

ಕಳೆದ ಭಾನುವಾರ ಹಳೇಬೀಡಿನ ಗುಡಿಯ ಮುಂದಿನ ಹುಲ್ಲುಹಾಸಿನ ಮೇಲೆ ಕೂತಿದ್ದೆ. ಶಿಲ್ಪ ನೋಡಲು ಹೋಗಿದ್ದೆ ಅಂದುಕೊಳ್ಳಬೇಡಿ. ಬೇಲೂರಿನಲ್ಲಿ ಹುಟ್ಟಿ ಬೆಳೆದವನಿಗೆ ಶಿಲ್ಪದ ಹಸಿವೇನೂ ಇರುವುದಿಲ್ಲ. ಡಾಕ್ಟರು ದಿನಾ ಸ್ವಲ್ಪ ನಡೆಯಿರಿ ಎಂದಿದ್ದರು. ನಾವಿರುವ ಅರಸೀಕೆರೆಯ ರಸ್ತೆಯಲ್ಲಿ ನಡೆದರೆ ಹೃದಯ ಕೈಕೊಡುವ ಮುಂಚೆ ಲಾರಿಯೇ ಕೆಲಸ ಮುಗಿಸುತ್ತದೆ ಅಂತ ಹೆಂಡತಿ ಇಲ್ಲಿಗೆ ಕರೆತಂದಿದ್ದಳು. ಹುಲ್ಲು ಕತ್ತರಿಸುವವನೊಬ್ಬ ತನ್ನ ಮೆಷಿನ್ನಿನ ಹಗ್ಗ ಜಗ್ಗಿದ. ಅದು ಕೆಮ್ಮಿ ಸುಮ್ಮನಾಯಿತು. ಮತ್ತೆ ಜಗ್ಗಿದ. ಈ ಸಲ ಹತ್ತಿಕೊಂಡಿತು, ಗುರ್ರೆನ್ನುತ್ತ ಸ್ವಲ್ಪ ದೂರ ಹೋಯಿತು, ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ಪೆಟ್ರೋಲಿನ ವಾಸನೆ ನಾನು ಕೂತಲ್ಲಿಗೇ ಬಂತು.

"ಏನ್ರೀ, ಮುಖ ಹಿಂಗಾಯ್ತು? ಎದೆ ನೋವಾ?" ಎಂದಳು ಹೆಂಡತಿ.

"ಇಲ್ಲ ಕಣೇ. ಎಂಜಿನ್ ನಿಂತುಹೋಯ್ತಲ್ಲ" ಎಂದೆ.

ಮದುವೆಯಾಗಿ ಬಂದಾಗಿನಿಂದ ಆ ಎಂಜಿನ್ನಿನ ಕಥೆ ಕೇಳಿ ಕೇಳಿ ಅವಳಿಗೂ ಸಾಕಾಗಿದೆ. ನೀವು ಕೇಳಿಲ್ಲವಲ್ಲ, ಸ್ವಲ್ಪ ಕೂತುಕೊಳ್ಳಿ.

ನಾನು ಕನ್ನಡ ಮೇಷ್ಟ್ರಾಗಿದ್ದವನು. ಸೈಕಲ್ಲಿನ ಚೈನು ಬಿದ್ದರೆ ದಾರಿಯಲ್ಲಿ ಹೋಗುವ ಮಕ್ಕಳನ್ನು ಕರೆದು ಹಾಕಿಸಿಕೊಳ್ಳುವ ಜಾತಿ. ಹೆಂಡತಿಯ ಮಿಕ್ಸಿ ಕೆಟ್ಟರೆ ಅದರ ಪ್ಲಗ್ಗು ಕೀಳುವುದಕ್ಕೂ ಹೆದರುತ್ತೇನೆ. ಆದರೆ ಒಂದೇ ಒಂದು ಯಂತ್ರದ ವಿಷಯ ಎತ್ತಿ ನೋಡಿ, ನೀವು ಸಾಕು ಅನ್ನುವವರೆಗೂ ಬಿಡುವುದಿಲ್ಲ. ಅದು ನಮ್ಮ ವಾಯುಪಡೆಯ ಹುಡುಗರು ಹಾರುವುದನ್ನು ಕಲಿಯುತ್ತಿದ್ದ ಪುಟ್ಟ ವಿಮಾನ. ಎಚ್‌ಪಿಟಿ-32 ಅಂತ ಕಾಗದದ ಮೇಲಿನ ಹೆಸರು, ದೀಪಕ್ ಅಂತ ಕರೆಯುವ ಹೆಸರು.

ಅದಕ್ಕೂ ಮುಂಚೆ ಎಚ್‌ಟಿ-2 ಅಂತ ಒಂದಿತ್ತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಬೆಂಗಳೂರಿನಲ್ಲಿ ನಮ್ಮವರೇ ರೂಪಿಸಿ ಕಟ್ಟಿದ್ದು. ಅದರಲ್ಲಿ ಗುರು ಶಿಷ್ಯರು ಹಿಂದೆ ಮುಂದೆ ಕೂರಬೇಕಿತ್ತು. ಅದಕ್ಕೆ ವಯಸ್ಸಾದ ಮೇಲೆ ಬೆಂಗಳೂರಿನಲ್ಲೇ ದೀಪಕ್ ತಯಾರಾಯಿತು. ಎಪ್ಪತ್ತರ ದಶಕದ ಕೊನೆಗೆ ಮೊದಲ ಸಲ ಹಾರಿತು, ಎಂಬತ್ತರ ದಶಕದಲ್ಲಿ ಹುಡುಗರ ಕೈಗೆ ಬಂತು. ಇದರಲ್ಲಿ ಇಬ್ಬರೂ ಅಕ್ಕಪಕ್ಕ. ಮೂತಿಯಲ್ಲಿ ಒಂದು ಪಿಸ್ಟನ್ ಎಂಜಿನ್, ಅದರ ಮುಂದೆ ಫ್ಯಾನು, ಮಡಚಲು ಬಾರದ ಮೂರು ಚಕ್ರ. ಎಂಜಿನ್ ಒಂದೇ ಆದ್ದರಿಂದ ಅದು ನಿಂತರೆ ನಿಂತ ಹಾಗೆ. ಎಷ್ಟೋ ಸಾವಿರ ಮಂದಿ ಇದರಲ್ಲೇ ಕಲಿತು ದೊಡ್ಡ ವಿಮಾನಗಳಿಗೆ ಹೋದರು. ಕೆಲವರು ಅಲ್ಲಿಯವರೆಗೆ ಉಳಿಯಲಿಲ್ಲ. ಕೊನೆಗಾಲದಲ್ಲಿ, ಎಂಜಿನ್ ನಿಂತರೆ ಇಡೀ ವಿಮಾನವೇ ಮೆತ್ತಗೆ ಇಳಿಯಲಿ ಅಂತ ಅದಕ್ಕೊಂದು ದೊಡ್ಡ ಪ್ಯಾರಾಚೂಟ್ ಕಟ್ಟುವ ಯೋಚನೆಯೂ ನಡೆದಿತ್ತಂತೆ. ಅದನ್ನು ಓದಿದ ದಿನ ನನಗೆ ನಗು ಬಂತು, ಆಮೇಲೆ ಹೊಟ್ಟೆ ಉರಿಯಿತು. ಒಂದು ಅಪಘಾತದ ನಂತರ ಎಲ್ಲವನ್ನೂ ನೆಲಕ್ಕಿಳಿಸಿದರು, ಹೊರದೇಶದ ವಿಮಾನ ತಂದರು. ದೀಪಕ್ ಕಥೆ ಅಲ್ಲಿಗೆ ಮುಗಿಯಿತು. ನಮ್ಮ ಮನೆಯಲ್ಲಿ ಮಾತ್ರ ಇನ್ನೂ ಮುಗಿದಿಲ್ಲ.

ನಮ್ಮದು ಬೇಲೂರಿನ ದೇವಸ್ಥಾನದ ಪರಿಚಾರಿಕೆಯ ಮನೆ. ಅಪ್ಪ ನಸುಕಿಗೇ ಎದ್ದು ದೇವರ ಹೂವು, ನೀರು ಅಂತ ಓಡಾಡುತ್ತಿದ್ದರು. ಅಂಥ ಮನೆಯಲ್ಲಿ ನಮ್ಮಣ್ಣ ಸೀನ ವಿಮಾನ ಓಡಿಸುತ್ತೇನೆ ಅಂತ ಎದ್ದು ನಿಂತ. ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ ಹೊರಟೇಬಿಟ್ಟ. "ನಮ್ಮ ವಂಶದಲ್ಲಿ ಗರುಡನ ಉತ್ಸವಕ್ಕೆ ಹೆಗಲು ಕೊಟ್ಟೋರಿದಾರೆ, ಗರುಡನ್ನ ಓಡಿಸೋನು ಇವನೊಬ್ಬನೇ" ಅಂತ ಅಪ್ಪ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದರು. ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ನಾನು ಆಗ ಛಂದಸ್ಸಿನಲ್ಲಿ ಲಘು ಗುರು ಹಾಕುತ್ತಾ ಕೂತಿದ್ದೆ.

ತರಬೇತಿಯ ನಡುವೆ ಸೀನಣ್ಣ ಒಮ್ಮೆ ರಜೆಗೆ ಬಂದ. ಆಗಿನ್ನೂ ಹಾರಲು ಕಲಿಸುವ ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರುತ್ತಿದ್ದ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅವನು ಹೇಳುತ್ತಿದ್ದ ಕಥೆಗಳು ನನಗೆ ಈಗಲೂ ಕೇಳಿಸುತ್ತವೆ. ಅಮ್ಮ ಅಕ್ಕಿರೊಟ್ಟಿ ತಟ್ಟುತ್ತಿದ್ದಳು.

"ತಲೆಕೆಳಗಾಗಿ ಹಾರೋಕೆ ಮುಂಚೆ ಜೇಬು ಸರಿಯಾಗಿ ಮುಚ್ಚಿದ್ಯಾ ನೋಡ್ಕೋಬೇಕಮ್ಮ. ಇಲ್ದಿದ್ರೆ ಜೇಬಲ್ಲಿರೋದೆಲ್ಲ ಮುಖಕ್ಕೇ ಬರುತ್ತೆ. ನಮ್ಮ ಜೊತೆಯವನೊಬ್ಬನದು ಪೆನ್ಸಿಲ್ ತುಂಡು ಬಿದ್ದು, ವಿಮಾನ ತಿರುಗಿಸೋ ಕೋಲಿನ ಬುಡಕ್ಕೆ ಸಿಕ್ಕಿಹಾಕ್ಕೊಂಡಿತ್ತು. ಕೋಲು ಅಲ್ಲಾಡಲಿಲ್ಲ ಅಂದ್ರೆ ಕಥೆ ಮುಗೀತು. ಪುಣ್ಯಕ್ಕೆ ಮೇಷ್ಟ್ರು ಪಕ್ಕದಲ್ಲಿದ್ರು, ಒದ್ದು ಬಿಡಿಸಿದ್ರು."

"ಅಯ್ಯೋ, ಆಕಾಶದಲ್ಲೂ ಮೇಷ್ಟ್ರು ಒದೆಯೋದು ಬಿಡಲ್ವೇನೋ?" ಅಂತ ಅಮ್ಮ ನಕ್ಕಳು. ನಾವೆಲ್ಲ ನಕ್ಕೆವು. ರೊಟ್ಟಿ ಸೀದುಹೋಯಿತು.

ಅವನು ಹೊರಡುವ ದಿನ ಅಮ್ಮ ಮುಡಿಪು ಕಟ್ಟಿದಳು. ಅರಿಶಿನದಲ್ಲಿ ಅದ್ದಿದ ಬಟ್ಟೆಯ ಚೂರಿನಲ್ಲಿ ಒಂದು ರೂಪಾಯಿ ಇಟ್ಟು, ಚೆನ್ನಕೇಶವನಿಗೆ ಹರಸಿಕೊಂಡು ಗಂಟು ಹಾಕಿದಳು. ನಮ್ಮ ಕಡೆ ಮುಡಿಪನ್ನು ದೇವರ ಗೂಡಿನಲ್ಲಿಟ್ಟು, ಅಂದುಕೊಂಡದ್ದು ಆದ ಮೇಲೆ ಹುಂಡಿಗೆ ಹಾಕುತ್ತಾರೆ. ಯಾರ ಕೈಗೂ ಕೊಟ್ಟು ಕಳಿಸುವುದಿಲ್ಲ. ಆದರೆ ಅಮ್ಮನಿಗೆ ಅದೇನನ್ನಿಸಿತೋ, ಗಂಟನ್ನು ಮಗನ ಅಂಗೈಯಲ್ಲಿಟ್ಟಳು.

"ಗೂಡಲ್ಲಿಡೇ ಅದನ್ನ, ಅವನಿಗ್ಯಾಕೆ ಕೊಡ್ತೀಯ?" ಎಂದರು ಅಪ್ಪ.

"ಸುಮ್ನಿರಿ. ಇವನು ಮೇಲೆಲ್ಲೋ ಇರ್ತಾನೆ, ದೇವರು ಬೇಲೂರಲ್ಲಿ ಕೂತಿದ್ರೆ ಏನು ಬಂತು? ಸೀನ, ಇದು ಜೇಬಲ್ಲೇ ಇರಲಿ ಕಣೋ. ಹಾರುವಾಗ ತೆಗೀಬೇಡ. ಕಲಿತು ಮುಗಿಸಿ ಬಂದು ನೀನೇ ಹುಂಡಿಗೆ ಹಾಕು."

"ಆಗ್ಲಮ್ಮ" ಎಂದ. ಅವನು ಅಮ್ಮನಿಗೆ ಆಗ್ಲಮ್ಮ ಎಂದ ಯಾವುದನ್ನೂ ಮಾಡದೆ ಬಿಟ್ಟವನಲ್ಲ.

ಮೇಷ್ಟ್ರಿಲ್ಲದೆ ಒಬ್ಬನೇ ಹಾರಲು ಶುರು ಮಾಡಿದ ಮೇಲೆ, ಒಂದು ಬೆಳಿಗ್ಗೆ ಅವನ ದೀಪಕ್ ಹೊಲವೊಂದಕ್ಕೆ ಬಿತ್ತು. ಅವನ ಶವದ ಪೆಟ್ಟಿಗೆಯ ಜೊತೆ ಬಂದ ಅಧಿಕಾರಿ ಒಳ್ಳೆಯ ಮನುಷ್ಯ. ಮುಚ್ಚಳ ತೆಗೆಯಬೇಡಿ ಅಂತ ಅಪ್ಪನ ಕೈ ಹಿಡಿದುಕೊಂಡು ಬೇಡಿಕೊಂಡ. ಎಂಜಿನ್ ನಿಂತಿರಬಹುದು ಎಂದ, ತಲೆಕೆಳಗಾಗಿ ಹಾರಿ ತಿರುಗುವಾಗ ಹಿಡಿತ ತಪ್ಪಿರಬಹುದು ಎಂದ, ವಿಚಾರಣೆ ನಡೆಯುತ್ತಿದೆ ಎಂದ. ಆ ವಿಚಾರಣೆಯಲ್ಲಿ ಏನು ತಿಳಿಯಿತೋ ಇವತ್ತಿಗೂ ನಮಗೆ ಯಾರೂ ಹೇಳಿಲ್ಲ. ಅಪ್ಪ ಕೇಳಿ ಕೇಳಿ ಸುಸ್ತಾದರು, ಅದೇ ಕೊರಗಿನಲ್ಲಿ ಹೋದರು. ನನಗೆ ಈಗಲೂ ಅದನ್ನು ನೆನೆದರೆ ಸಿಟ್ಟು ನೆತ್ತಿಗೇರುತ್ತದೆ. ಒಂದು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಕೆಲವು ದಿನಗಳ ಮೇಲೆ ಅವನ ಟ್ರಂಕು ಬಂತು. ಬಟ್ಟೆ, ಬೂಟು, ಶೇವಿಂಗ್ ಸೆಟ್ಟು, ಅಮ್ಮ ಕಳಿಸಿದ್ದ ಚಟ್ನಿಪುಡಿಯ ಡಬ್ಬಿ. ಅಮ್ಮ ಒಂದೊಂದೇ ಬಟ್ಟೆಯ ಜೇಬು ತಡಕಿದಳು. ಟ್ರಂಕಿನ ತಳದ ಕಾಗದ ಎತ್ತಿ ನೋಡಿದಳು. ಆಮೇಲೆ ಗೋಡೆಗೊರಗಿ ಕೂತಳು.

"ಮುಡಿಪು ಇಲ್ಲ ಕಣೋ. ಅವನ ಹತ್ರಾನೇ ಇತ್ತು."

ನಾನು ಅರ್ಥವಾಗದೆ, "ಇರಲಿ ಬಿಡಮ್ಮ, ದೇವರು ಜೊತೆಗಿದ್ದ ಅಂದುಕೋ" ಎಂದೆ. ಅಮ್ಮ ನನ್ನನ್ನು ನೋಡಿದಳು. "ಪೆನ್ಸಿಲ್ ತುಂಡಿಗೇ ಹಂಗಾಗಿತ್ತಂತಲ್ಲೋ" ಎಂದಳು.

ಆ ಮಾತಿನಿಂದ ನಾವು ಹೊರಗೆ ಬರಲೇ ಇಲ್ಲ. ನಾನು ದೀಪಕ್ ಬಗ್ಗೆ ಸಿಕ್ಕಿದ್ದೆಲ್ಲ ಓದಲು ಹತ್ತಿದ್ದು ಆವಾಗಿನಿಂದಲೇ. ಎಲ್ಲೋ ಎಂಜಿನ್ ನಿಂತ ಸುದ್ದಿ ಬಂದರೆ ಪೇಪರು ಹಿಡಿದು ಅಮ್ಮನ ಹತ್ತಿರ ಓಡುತ್ತಿದ್ದೆ. ಥೂ, ಬೇರೆಯವರ ಮನೆಯ ಸಾವಿಗೆ ಹಾಗೆ ಓಡುತ್ತಿದ್ದೆ ನೋಡಿ! "ನೋಡಮ್ಮ, ಇದರ ಎಂಜಿನ್ನೇ ಹಂಗೆ. ನಿನ್ನ ಕಾಸಿಗೂ ಇದಕ್ಕೂ ಏನೂ ಸಂಬಂಧ ಇಲ್ಲ." ಅಮ್ಮ ಪೂರ್ತಿ ಕೇಳಿಸಿಕೊಂಡು, "ಅದು ಅವರ ಮಗ. ಇವನದ್ದು ಹೇಳು" ಅನ್ನುತ್ತಿದ್ದಳು. ಇವನದ್ದು ಹೇಳಲು ನನ್ನ ಹತ್ತಿರ ಏನಿತ್ತು?

ಅಪ್ಪ ಹೋದ ಮೇಲೆ ಅಮ್ಮ ಅರಸೀಕೆರೆಗೆ ನನ್ನ ಮನೆಗೆ ಬಂದಳು. ಇಲ್ಲಿನ ಕಾಲೇಜೊಂದಕ್ಕೆ ನಿವೃತ್ತವಾದ ದೀಪಕ್ ವಿಮಾನವೊಂದನ್ನು ಪ್ರದರ್ಶನಕ್ಕೆ ಕೊಟ್ಟರು. ಕಂಬದ ಮೇಲೆ ಏರಿಸುವ ಮುಂಚೆ ಮೈದಾನದಲ್ಲಿ ನಿಲ್ಲಿಸಿದ್ದರು. ನಾನು ಮುಚ್ಚಿಟ್ಟರೂ ಅಮ್ಮನಿಗೆ ಹಾಲಿನವಳಿಂದ ಸುದ್ದಿ ಮುಟ್ಟಿತು. ಕರಕೊಂಡು ಹೋಗು ಅಂತ ಹಟ ಹಿಡಿದಳು.

ಕಾಲೇಜಿನ ಅಟೆಂಡರು ಕರುಣೆಯವನು. "ಬನ್ನಿ ಅಜ್ಜಿ, ಸ್ಟೂಲ್ ಐತೆ, ನಿಧಾನಕ್ಕೆ ಅತ್ತಿ. ಮೇಷ್ಟ್ರೇ, ನೀವು ಇಂದ್ಲಿಂದ ಇಡ್ಕಳಿ" ಎಂದು ಗಾಜಿನ ಮುಚ್ಚಳ ಸರಿಸಿಕೊಟ್ಟ. ಅಮ್ಮ ರೆಕ್ಕೆಯ ಮೇಲೆ ನಿಂತು ಒಳಗೆ ಬಗ್ಗಿದಳು. ಮೀಟರುಗಳಿದ್ದ ಜಾಗದಲ್ಲೆಲ್ಲ ತೂತು. ಎರಡು ಸೀಟು, ಎರಡು ಕೋಲು.

"ಅವನು ಯಾವ ಕಡೆ ಕೂರ್ತಿದ್ದ?"

"ಎಡಗಡೆ ಅಮ್ಮ."

ಎಡಗಡೆಯ ಸೀಟನ್ನು ಅವಳು ಸವರಿದಳು, ಮಲಗಿದ ಮಗುವಿನ ಬೆನ್ನು ಸವರಿದ ಹಾಗೆ. ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟಕ್ಕೇ ಬಂದಿದ್ದಾಳೆ, ಇನ್ನು ಸಮಾಧಾನವಾದೀತು ಅಂದುಕೊಂಡೆ. ಅಷ್ಟರಲ್ಲಿ ಅವಳು ಸೊಂಟದ ಸಂಚಿಯಿಂದ ಒಂದು ರೂಪಾಯಿ ತೆಗೆದು ಕೋಲಿನ ಬುಡಕ್ಕೆ ಕೈ ಹಾಕಿದಳು. ಅಲ್ಲಿ ಕೋಲಿನ ಸುತ್ತ ಸಂದು ಬಾಯಿ ಬಿಟ್ಟಿತ್ತು. ಕಾಸು ಸಲೀಸಾಗಿ ಇಳಿಯಿತು.

"ಹಿಡಿಸುತ್ತೆ ಕಣೋ" ಎಂದಳು.

"ಹಾರುವಾಗ ಅಲ್ಲಿ ಮುಚ್ಚಿಗೆ ಇರುತ್ತಮ್ಮ. ಇದು ಹಳೇದು, ಕಿತ್ತುಹೋಗಿದೆ."

"ನೀನು ನೋಡಿದ್ಯಾ?"

ನೋಡಿರಲಿಲ್ಲ. ಇಷ್ಟು ವರ್ಷ ಓದಿದ್ದರಲ್ಲಿ ಆ ಸಂದಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಹೌದು ನೋಡಿದ್ದೇನೆ ಅಂತ ಸುಳ್ಳು ಹೇಳಲೂ ಆಗದೆ ಅವಳನ್ನು ರೆಕ್ಕೆಯಿಂದ ಕೆಳಗಿಳಿಸಿದೆ.

ಅವತ್ತಿನಿಂದ ಅಮ್ಮ ಯಾರಿಗಾಗಿಯೂ ಏನನ್ನೂ ಹರಸಿಕೊಂಡಿಲ್ಲ. ನನ್ನ ಮಗಳ ಹೆರಿಗೆಯಲ್ಲಿ ಎಲ್ಲರೂ ದೇವರಿಗೆ ಕೈ ಮುಗಿಯುತ್ತಿದ್ದರೆ ಇವಳು ಎದ್ದು ಹಿತ್ತಲಿಗೆ ಹೋದಳು. ಜನ ಕಲ್ಲುಮನಸ್ಸಿನ ಮುದುಕಿ ಎಂದರು. ನಾನೂ ಒಳಗೆ ಬೇಸರ ಮಾಡಿಕೊಂಡೆ.

ನಾಳೆ ಹಾಸನದ ಆಸ್ಪತ್ರೆಯಲ್ಲಿ ನನ್ನ ಎದೆ ಕೊಯ್ಯುತ್ತಾರೆ. ಇವತ್ತು ಬೆಳಿಗ್ಗೆ ಬ್ಯಾಗು ಹಿಡಿದು ಹೊರಟಾಗ ಹೆಂಡತಿ ಅಳುತ್ತಾ, "ಅತ್ತೆ, ನೀವೇ ಒಂದು ಮುಡಿಪು ಕಟ್ಟಿಡಿ, ಗೂಡಲ್ಲೇ ಇಡೋಣ" ಎಂದಳು. ಅಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು.

"ನಾನು ಏನೂ ಮುಟ್ಟಲ್ಲ ಕಣೇ. ಇವನೊಬ್ಬನಾದ್ರೂ ವಾಪಸ್ ಬರಲಿ."

ನನಗೆ ತಡೆಯಲಾಗಲಿಲ್ಲ. ತಲೆಯ ಮೇಲೆ ಒಂದು ಸಲ ಕೈ ಇಡಲಿ, ಅಷ್ಟು ಸಾಕು ಅಂತ ನಮಸ್ಕಾರ ಮಾಡಲು ಬಗ್ಗಿದೆ. ಅಮ್ಮ ಕಾಲನ್ನೂ ಹಿಂದಕ್ಕೆ ಎಳೆದುಕೊಂಡಳು.