ಅಪ್ಪನ ಗುಂಡು, ಅಪ್ಪನ ಎಣ್ಣೆ

ಆಗೆಲ್ಲ ಭಾನುವಾರ ಎಂದರೆ ನಮ್ಮ ವ್ಯಾನು. ಟೆಕ್ಸಾಸಿನ ಕ್ಯಾರಲ್ಟನ್‌ನ ನಮ್ಮ ಬೀದಿಯ ಆಚೀಚೆ ಇದ್ದ ಕನ್ನಡದ ಮನೆಗಳ ಮಕ್ಕಳನ್ನೆಲ್ಲ ಹತ್ತಿಸಿಕೊಂಡು ಅಪ್ಪ ಇರ್ವಿಂಗ್‌ನ ಕನ್ನಡ ತರಗತಿಗೆ ಡ್ರೈವ್ ಮಾಡುತ್ತಿದ್ದರು. ಅಮ್ಮ ಕೊಟ್ಟ ಚಕ್ಕುಲಿ ಡಬ್ಬಿ ತೆರೆದರೆ ಎಳ್ಳಿನ ವಾಸನೆ ಹಿಂದಿನ ಸೀಟಿನವರೆಗೂ ಹೋಗುತ್ತಿತ್ತು. ಕಿಟಕಿ ಪಕ್ಕದ ಜಾಗಕ್ಕೆ ಜಗಳ. ದಾರಿಯುದ್ದಕ್ಕೂ ಅಪ್ಪನದೊಂದು ಆಟ: ಫ್ರೀವೇಯಲ್ಲಿ ಕಂಡದ್ದರ ಹೆಸರನ್ನು ಕನ್ನಡದಲ್ಲಿ ಹೇಳಬೇಕು. ಪದ ಗೊತ್ತಿಲ್ಲದಿದ್ದರೆ ನಾವು ಇಂಗ್ಲಿಷಿಗೇ ಒಂದು ಬಾಲ ಅಂಟಿಸುತ್ತಿದ್ದೆವು. ಟ್ರಕ್ಕು, ಬ್ರಿಡ್ಜು, ಎಕ್ಸಿಟ್ಟು.

"ಉ ಸೇರಿಸಿಬಿಟ್ರೆ ಕನ್ನಡ ಆಗಲ್ಲ ಕಣ್ರೋ," ಎಂದು ಅಪ್ಪ ನಗುತ್ತಿದ್ದರು. ಆದರೂ ಪಾಯಿಂಟ್ ಕೊಡುತ್ತಿದ್ದರು. ನಮ್ಮಲ್ಲೆಲ್ಲ ಚಿಕ್ಕವನಾದ ಅದ್ವೈತನಿಗೆ ಸುಮ್ಮನೆ ಬಾಯಿ ತೆರೆದರೂ ಪಾಯಿಂಟ್ ಸಿಗುತ್ತಿತ್ತು. ವಾಪಸ್ ಬರುವಾಗ ಅವನು ಅಪ್ಪನ ಜಾಕೆಟ್ ಹೊದ್ದು ನಿದ್ದೆ ಮಾಡುತ್ತಿದ್ದ.

ಆ ವ್ಯಾನನ್ನು ಖಾಲಿ ಮಾಡಿಸಿದವರು ಸುದರ್ಶನ್ ಅಂಕಲ್. ಅವರ ಹೆಸರು ಬರೆಯುವಾಗ ಇವತ್ತಿಗೂ ನನ್ನ ಕೈ ಬಿಗಿಯಾಗುತ್ತದೆ. ಬಿಗಿಯಾಗಲಿ.

ನನಗೆ ಹತ್ತು ವರ್ಷವಾಗಿದ್ದ ಆ ಬೇಸಿಗೆಯಲ್ಲಿ ಅಪ್ಪನಿಗೆ ಹೊಸ ಹುಚ್ಚು ಹಿಡಿದಿತ್ತು. ಆಫೀಸಿನ ಗೆಳೆಯರೊಬ್ಬರು ಅವರನ್ನು ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಗಿದ್ದರು. ಮೈಸೂರಿನ ಪುಳಿಯೋಗರೆ ಮನುಷ್ಯ, ಇರುವೆಗೂ ದಾರಿ ಬಿಡುವವರು, ಕಾಗದದ ಗುರಿಗೆ ಗುಂಡು ಹೊಡೆದು ಬಂದು ಮಗುವಿನ ಹಾಗೆ ಕುಣಿದರು. ಒಂದು ರೈಫಲ್ ಬಂತು. ಅದರ ಹಿಂದೆಯೇ ಗ್ಯಾರೇಜಿನ ಮೇಜಿಗೆ ಬೋಲ್ಟ್ ಹಾಕಿ ಕೂರಿಸಿದ ಒಂದು ಪ್ರೆಸ್ಸೂ ಬಂತು, ಗುಂಡುಗಳನ್ನು ಮನೆಯಲ್ಲೇ ತಯಾರಿಸಲು. ಒಮ್ಮೆ ಹಾರಿಸಿದ ಗುಂಡಿನ ಹಿತ್ತಾಳೆಯ ಕೇಸು, ಅಂದರೆ ಹಿಂದೆ ಉಳಿಯುವ ಖಾಲಿ ಕೊಳವೆ, ಸ್ವಲ್ಪ ಊದಿಕೊಂಡಿರುತ್ತದೆ. ಅದನ್ನು ಉಕ್ಕಿನ ಅಚ್ಚಿನೊಳಗೆ ಒತ್ತಿ ಮೊದಲಿನ ಅಳತೆಗೆ ತಂದರೆ ಮಾತ್ರ ಮತ್ತೆ ಗುಂಡು ಕೂರಿಸಬಹುದು. ಒತ್ತುವ ಮುಂಚೆ ಕೇಸಿಗೆ ಎಣ್ಣೆ ಹಚ್ಚಲೇಬೇಕು. ಕಡಿಮೆಯಾದರೆ ಅದು ಅಚ್ಚಿನೊಳಗೇ ಕಚ್ಚಿಕೊಂಡು ಕೂರುತ್ತದೆ. ಜಾಸ್ತಿಯಾದರೆ ಕೇಸಿನ ಹೆಗಲ ಮೇಲೆ, ಅದು ಕಿರಿದಾಗುವ ಕಡೆ, ಗುಳಿ ಬೀಳುತ್ತದೆ.

ಹಾಗಾದರೆ ಯಾವ ಎಣ್ಣೆ? ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಇದೇ ಮಾತು. ಅಪ್ಪ ಕೆಲಸದಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಪರೀಕ್ಷೆ ಮಾಡದೆ ಟೂತ್‌ಪೇಸ್ಟ್ ಕೂಡ ಬದಲಾಯಿಸುವವರಲ್ಲ. ಅಂಗಡಿಯ ಸ್ಪ್ರೇ ತಂದರು, ಗಂಟಲು ಕೆರೆಯುತ್ತದೆಂದು ಬಿಟ್ಟರು. ಶೂ ಪಾಲಿಶ್ ಡಬ್ಬಿಯಂಥದ್ದರಲ್ಲಿ ಬರುವ ಮೇಣ ತಂದರು. ಅದು ಚೆನ್ನಾಗಿಯೇ ಕೆಲಸ ಮಾಡಿತು, ಆದರೆ ಒಂದೊಂದೇ ಕೇಸಿಗೆ ಬೆರಳಿನಿಂದ ಉಜ್ಜುವಷ್ಟರಲ್ಲಿ ಊಟ ತಣ್ಣಗಾಗುತ್ತಿತ್ತು. ಕೊನೆಗೆ ಕುರಿಯ ಉಣ್ಣೆಯಿಂದ ತೆಗೆಯುವ ಲ್ಯಾನೊಲಿನ್ ಎಂಬ ಜಿಡ್ಡನ್ನು ಫಾರ್ಮಸಿಯ ಆಲ್ಕೋಹಾಲಿನಲ್ಲಿ ಕರಗಿಸಿ ನೋಡಿದರು. ಗ್ಯಾರೇಜಿಗೆಲ್ಲ ಒದ್ದೆ ಕಂಬಳಿಯ ವಾಸನೆ.

ಅಮ್ಮ ಧಾರವಾಡದವರು. ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡು ಹೇಳಿದರು, "ಏನ್ರೀ ಇದು, ಕುರಿ ಹಟ್ಟಿ ಮಾಡೀರಲ್ಲ! ಜಿಡ್ಡು ಬೇಕಂದ್ರ ನನ್ನ ಔಡಲೆಣ್ಣಿ ಇಲ್ಲೇನು? ಅದಕ್ಕಿಂತ ಅಂಟು ಯಾವ್ದೈತಿ?"

ಔಡಲೆಣ್ಣೆ ಎಂದರೆ ಹರಳೆಣ್ಣೆ. ದೀಪಾವಳಿಯ ಎಣ್ಣೆಸ್ನಾನಕ್ಕೆಂದು ಇಟ್ಟಿದ್ದ ಬಾಟಲಿಯಿಂದ ಅಪ್ಪ ಸ್ವಲ್ಪ ಬೆರೆಸಿದರು. ಮಾರನೆಯ ದಿನ ಪ್ರೆಸ್ಸಿನ ಹಿಡಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಅಮ್ಮ ಆ ವಾರವೆಲ್ಲ ಬೀಗಿದರು.

ಅದರಲ್ಲೊಂದು ನಿಯಮವಿತ್ತು. ಹಚ್ಚಿದ ತಕ್ಷಣ ಒತ್ತುವಂತಿಲ್ಲ. ಆಲ್ಕೋಹಾಲ್ ಪೂರ್ತಿ ಆರಿ, ಕೇಸಿನ ಮೇಲೆ ಬರೀ ಜಿಡ್ಡು ಉಳಿಯಬೇಕು. ಕಾಯುವ ಹೊತ್ತಿಗೆ ನಾನೂ ಅಪ್ಪನೂ ಗ್ಯಾರೇಜಿನ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಚೌಕಾಬಾರ ಆಡುತ್ತಿದ್ದೆವು. ಒಂದು ಆಟ ಮುಗಿದರೆ ಕೇಸು ಆರಿದೆ ಎಂದರ್ಥ. ನಾನು ಸೋಲುತ್ತಿದ್ದರೆ, "ಇನ್ನೂ ಹಸಿ ಇದೆ ಅನ್ಸುತ್ತೆ, ಇನ್ನೊಂದು ಆಟ ಆಡೋಣ," ಎನ್ನುತ್ತಿದ್ದರು ಅಪ್ಪ.

ಸುದರ್ಶನ್ ಅಂಕಲ್ ನಮ್ಮ ಕನ್ನಡ ತರಗತಿಯನ್ನು ನಡೆಸುತ್ತಿದ್ದವರು. ಮೈಕ್ ಕಂಡರೆ ಬಿಡದ ಆಸಾಮಿ. ಅವರು ನಮ್ಮ ಗ್ಯಾರೇಜಿಗೆ ಬಂದಿದ್ದರು, ಪ್ರೆಸ್ಸಿನ ಹಿಡಿ ಎಳೆದು ನೋಡಿದ್ದರು, ಅಮ್ಮನ ಕಾಫಿ ಕುಡಿದಿದ್ದರು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಅವರಿಗೆ ಎಲ್ಲವೂ ಗೊತ್ತಿತ್ತು.

ಒಂದು ಭಾನುವಾರ "ನನ್ನ ಅಪ್ಪ" ಎಂಬ ವಿಷಯದ ಮೇಲೆ ಒಬ್ಬೊಬ್ಬರೂ ಎದ್ದು ಮಾತಾಡಬೇಕಿತ್ತು. ಆದಷ್ಟೂ ಇಂಗ್ಲಿಷ್ ಪದ ಬರಬಾರದು. ನಾನು ಎದೆಯುಬ್ಬಿಸಿ ಹೇಳಿದೆ, "ನಮ್ಮಪ್ಪ ದಿನಾ ಗ್ಯಾರೇಜಲ್ಲಿ ಗುಂಡು ಹಾಕ್ತಾರೆ. ಎಣ್ಣೆ ಇಲ್ದೆ ಗುಂಡು ಹಾಕೋಕೆ ಆಗಲ್ಲ. ಯಾವ ಎಣ್ಣೆ ಒಳ್ಳೇದು ಅಂತ ತುಂಬಾ ಟ್ರೈ ಮಾಡಿದ್ರು. ಈಗ ಅಮ್ಮಾನೂ ಅಪ್ಪಂಗೆ ಎಣ್ಣೆ ಕೊಡ್ತಾರೆ."

ಹಿಂದೆ ಕೂತಿದ್ದ ಅಪ್ಪ ಅಮ್ಮಂದಿರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೆಂಗಳೂರಿನ ಮಾತಿನಲ್ಲಿ ಗುಂಡು ಹಾಕುವುದೂ ಎಣ್ಣೆ ಹಾಕುವುದೂ ಕುಡಿಯುವುದಕ್ಕೆ ಹೇಳುವ ಮಾತೆಂದು ಟೆಕ್ಸಾಸಿನಲ್ಲಿ ಹುಟ್ಟಿದ ನನಗೆ ಯಾರು ಹೇಳಿದ್ದರು? ನನ್ನ ಕನ್ನಡದಲ್ಲಿ ಗುಂಡು ಗುಂಡೇ, ಎಣ್ಣೆ ಎಣ್ಣೆಯೇ. ನಾನು ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ.

ಅಲ್ಲಿಗೆ ನಕ್ಕು ಬಿಟ್ಟಿದ್ದರೆ ಮುಗಿಯುತ್ತಿತ್ತು. ದೀಪಾವಳಿ ಕಾರ್ಯಕ್ರಮದಲ್ಲಿ ಸುದರ್ಶನ್ ಅಂಕಲ್ ಮೈಕ್ ಹಿಡಿದು, ನನ್ನ ದನಿಯನ್ನೇ ಅಣಕಿಸುತ್ತಾ, ಸಭೆಗೆಲ್ಲ ಅದನ್ನು ಹೇಳಿದರು. ಪ್ರೆಸ್ಸಿನ ವಿಷಯ ಹೇಳಲಿಲ್ಲ. ರೈಫಲ್ ವಿಷಯ ಹೇಳಲಿಲ್ಲ. ಕೊನೆಗೆ, "ಮಕ್ಕಳ ವ್ಯಾನ್ ಓಡಿಸೋರು ಸ್ವಲ್ಪ ನೋಡ್ಕೊಂಡು ಹಾಕ್ಬೇಕಪ್ಪಾ," ಎಂದು ಸೇರಿಸಿದರು. ನಗು ಬಂತು, ಚಪ್ಪಾಳೆಯೂ ಬಂತು. ಅಪ್ಪ ತಟ್ಟೆಯಲ್ಲಿದ್ದ ಹೋಳಿಗೆಯನ್ನು ಹಾಗೇ ಬಿಟ್ಟರು.

ಮುಂದಿನ ಭಾನುವಾರ ಫೋನುಗಳು ಶುರುವಾದವು. "ಇವತ್ತು ನಾವೇ ಡ್ರಾಪ್ ಮಾಡ್ತೀವಿ." "ನಮ್ಮೋರು ಹೇಗೂ ಆ ಕಡೆ ಹೋಗ್ತಿದಾರೆ." ಯಾರೂ ಕಾರಣ ಹೇಳಲಿಲ್ಲ. ಅದ್ವೈತನ ಅಮ್ಮ ಎಲ್ಲರಿಗಿಂತ ಕೊನೆಗೆ ಬಿಟ್ಟರು. ಕಡೆಗೆ ಆ ದೊಡ್ಡ ವ್ಯಾನಿನಲ್ಲಿ ನಾನೊಬ್ಬಳೇ, ಕಿಟಕಿ ಪಕ್ಕದ ಜಾಗಗಳೆಲ್ಲ ನನ್ನವೇ.

"ನೀವರ ಹೋಗಿ ಹೇಳ್ರಿ," ಎಂದು ಅಮ್ಮ ಅತ್ತರು. "ಒಂದು ಹನಿ ಮುಟ್ಟದ ಮನಷ್ಯಾನ್ನ ಕುಡುಕ ಅಂತಾರ, ನೀವು ಸುಮ್ನ ಕೂತೀರಿ!"

"ಹೇಳಿದ್ರೆ, ಕುಡಿದೇ ಇಲ್ಲಾಂದ್ರೆ ಯಾಕೆ ಇಷ್ಟು ಹೇಳ್ಕೋತಾರೆ ಅಂತಾರೆ ಕಣೇ," ಎಂದರು ಅಪ್ಪ. ಆ ತಿಂಗಳು ಅವರು ಗ್ಯಾರೇಜಿಗೆ ಹೋಗಲಿಲ್ಲ. ಚೌಕಾಬಾರದ ಮನೆ ನೆಲದ ಮೇಲೆ ಅರ್ಧ ಅಳಿಸಿ ಉಳಿಯಿತು.

ಆ ಚಳಿಗಾಲ ಸುದರ್ಶನ್ ಅಂಕಲ್ ತಾವೂ ಒಂದು ಪ್ರೆಸ್ಸು ಕೊಂಡರು! ಬೇರೆಯವರ ಮನೆಯಲ್ಲಿ ಕಂಡದ್ದೆಲ್ಲ ಅವರಿಗೂ ಬೇಕು. ಒಂದು ಶನಿವಾರ ನಮ್ಮ ಬಾಗಿಲು ತಟ್ಟಿದರು. ಅಪ್ಪ ಮನೆಯಲ್ಲಿರಲಿಲ್ಲ, ಅಮ್ಮ ಸ್ನಾನಕ್ಕೆ ಹೋಗಿದ್ದರು.

"ಪುಟ್ಟೀ, ನಿಮ್ಮಪ್ಪ ಯಾವ ಎಣ್ಣೆ ಹಚ್ತಾರೆ? ನಾಳೆ ಮನೆಗೆ ಎಲ್ರೂ ಬರ್ತಿದಾರೆ, ಡೆಮೋ ಕೊಡ್ಬೇಕು."

ಈಗ ಎಣ್ಣೆ ಎಂದರೆ ಎಣ್ಣೆ! ಲ್ಯಾನೊಲಿನ್ ಹೇಳಿದೆ, ಹರಳೆಣ್ಣೆ ಹೇಳಿದೆ, ಆಲ್ಕೋಹಾಲ್ ಹೇಳಿದೆ, ಅಳತೆಯನ್ನೂ ಸರಿಯಾಗಿ ಹೇಳಿದೆ. ಅವರು ಕೇಳಿದ್ದು ಯಾವ ಎಣ್ಣೆ ಎಂದು. ಚೌಕಾಬಾರದ ಬಗ್ಗೆ ಅವರು ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಸುದರ್ಶನ್ ಅಂಕಲ್ ಫೋನ್ ಮಾಡಿದರು. ಅಪ್ಪ ಡ್ರಿಲ್ ತೆಗೆದುಕೊಂಡು ಹೊರಟರು. ನಾನು ಹಟ ಮಾಡಿ ಜೊತೆಗೆ ಹೋದೆ. ಅವರ ಗ್ಯಾರೇಜಿನಲ್ಲಿ ನಮ್ಮ ವ್ಯಾನಿನ ಮಕ್ಕಳ ಅಪ್ಪ ಅಮ್ಮಂದಿರೆಲ್ಲ ಬೋಂಡಾ ತಟ್ಟೆ ಹಿಡಿದು ನಿಂತಿದ್ದರು. ಕೇಸು ಅಚ್ಚಿನೊಳಗೆ ಕಚ್ಚಿಕೊಂಡಿತ್ತು. ಅಂಕಲ್ ಎಳೆದ ರಭಸಕ್ಕೆ ಅದರ ಅಂಚು ಹರಿದು ಬಂದಿತ್ತು. ಅವರ ಶರ್ಟು ಬೆವರಿನಲ್ಲಿ ಒದ್ದೆ.

"ಎಷ್ಟು ಹೊತ್ತು ಆರಿಸಿದ್ರಿ?" ಎಂದು ಅಪ್ಪ ಕೇಳಿದರು.

"ಆರಿಸ್ಬೇಕಾ?"

ಅಪ್ಪ ನನ್ನ ಕಡೆ ತಿರುಗಿದರು. ನಾನು ಅವರನ್ನು ನೋಡಲಿಲ್ಲ. ಎಲ್ಲರಿಗೂ ಕೇಳುವಂತೆ, ತರಗತಿಯಲ್ಲಿ ಮಾತಾಡುವ ದನಿಯಲ್ಲಿ, "ಅಂಕಲ್, ಎಣ್ಣೆ ಇಳಿಯೋಕೆ ಮುಂಚೆನೇ ಗುಂಡು ಹಾಕೋಕೆ ಹೋದ್ರಾ?" ಎಂದೆ.

ಒಬ್ಬರು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ನಗುತ್ತಲೇ ಪ್ರೆಸ್ಸು ನೋಡಿದರು, ಹಿತ್ತಾಳೆ ಕೇಸು ನೋಡಿದರು, ಹರಳೆಣ್ಣೆ ಬಾಟಲಿ ನೋಡಿದರು. ಅದ್ವೈತನ ಅಮ್ಮನ ನಗು ನಿಂತಿತು. "ಅಂದ್ರೆ... ಇದಾ ಗುಂಡು?" ಎಂದು ಮೆಲ್ಲಗೆ ಕೇಳಿದರು. ಸುದರ್ಶನ್ ಅಂಕಲ್ ಮುಖ ಬದನೆಕಾಯಿಯಾಗಿತ್ತು. ಅಂದು ತಿಂದಷ್ಟು ರುಚಿಯ ಬೋಂಡಾ ನಾನು ಮತ್ತೆಲ್ಲೂ ತಿಂದಿಲ್ಲ.

ಅಪ್ಪ ಎಷ್ಟು ಕೊರೆದರೂ ಕೇಸು ಹೊರಗೆ ಬರಲಿಲ್ಲ. ಆಗ ಅವರು ಮಾಡಿದ್ದೇನು ಗೊತ್ತೇ? ಮನೆಗೆ ಹೋಗಿ ತಮ್ಮದೇ ಅಚ್ಚನ್ನು ತಂದು ಆ ಮನುಷ್ಯನ ಕೈಗೆ ಕೊಟ್ಟರು. "ನನಗೆ ಇನ್ನು ಬೇಡ, ಇಟ್ಕೊಳ್ಳಿ." ಕೆಟ್ಟುಹೋದದ್ದನ್ನು ನಾನು ಜೇಬಿಗೆ ಹಾಕಿಕೊಂಡೆ. ಆಮೇಲೆ ಎರಡು ಮೂರು ಮನೆಯವರು ಫೋನ್ ಮಾಡಿ, ಮಕ್ಕಳು ವ್ಯಾನ್ ಕೇಳುತ್ತಿದ್ದಾರೆ ಎಂದರು. ಅಪ್ಪ ಬಹಳ ಮರ್ಯಾದೆಯಿಂದ ಆಗುವುದಿಲ್ಲ ಎಂದರು. ವಸಂತ ಬರುವಷ್ಟರಲ್ಲಿ ವ್ಯಾನನ್ನೇ ಮಾರಿದರು.

ಈಗ ನಾನು ಆಸ್ಟಿನ್‌ನಲ್ಲಿದ್ದೇನೆ. ಅಪ್ಪ ಹೋಗಿ ಎರಡು ವರ್ಷವಾಯಿತು. ಒಡಲಲ್ಲಿ ಕೇಸು ಕಚ್ಚಿಕೊಂಡ ಆ ಅಚ್ಚು ನನ್ನ ಮೇಜಿನ ಮೇಲಿದೆ, ಮೂಸಿದರೆ ಈಗಲೂ ಕಂಬಳಿಯ ವಾಸನೆ ಬಂದಂತಾಗುತ್ತದೆ. ಬಹಳ ಕಾಲ ಅದನ್ನು ನೋಡಿದಾಗೆಲ್ಲ ಸೇಡು ತೀರಿತು ಎಂದುಕೊಳ್ಳುತ್ತಿದ್ದೆ.

ಹೋದ ತಿಂಗಳು ಹ್ಯೂಸ್ಟನ್‌ನಲ್ಲೊಂದು ಮದುವೆ. ಅದ್ವೈತ ಸಿಕ್ಕಿದ. ಆಳೆತ್ತರ ಬೆಳೆದು ಗಡ್ಡ ಬಿಟ್ಟಿದ್ದಾನೆ. ಎಕ್ಸಿಟ್ಟು, ಬ್ರಿಡ್ಜು ಆಟ ನೆನಪಿದೆಯಾ ಎಂದು ಕೇಳಿದೆ. ನೆನಪಿರಲಿಲ್ಲ. ಚಕ್ಕುಲಿ? ಇಲ್ಲ. ಜಾಕೆಟ್? ಇಲ್ಲ. ಆಮೇಲೆ ಅವನ ಮುಖದಲ್ಲಿ ಕನಿಕರ ಮೂಡಿತು. ನಿಮ್ಮ ತಂದೆಗೆ ಕುಡಿತದ ತೊಂದರೆ ಇತ್ತಲ್ಲವೇ, ಆಮೇಲಾದರೂ ಬಿಟ್ಟರಾ ಎಂದು ಇಂಗ್ಲಿಷಿನಲ್ಲಿ, ಬಹಳ ಮೆಲ್ಲಗೆ ವಿಚಾರಿಸಿದ. ಗ್ಯಾರೇಜಿನ ನಗು ದೊಡ್ಡವರನ್ನು ತಲುಪಿತ್ತು, ಮಕ್ಕಳಿಗೆ ಯಾರೂ ಹೇಳಿರಲಿಲ್ಲ.

ಆಚೆ ಮೇಜಿನಲ್ಲಿ ಸುದರ್ಶನ್ ಅಂಕಲ್ ಕೂತಿದ್ದರು. ಕೂದಲು ಬೆಳ್ಳಗಾಗಿದೆ, ಕೈ ನಡುಗುತ್ತದೆ. ಮೈಕ್ ಮಾತ್ರ ಕೈಯಲ್ಲೇ ಇತ್ತು. ವಯಸ್ಸಾದವರು ಎಂದು ಬಿಡಬೇಕಂತೆ. ನಾನು ಬಿಡುವುದಿಲ್ಲ.

ಅದ್ವೈತನಿಗೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ. ಅವನು ಪಾಪ, ತಲೆಯಾಡಿಸಿದ, ಆದರೆ ಅವನಿಗೆ ಅರ್ಥವಾಗಲಿಲ್ಲ. ಇಂಗ್ಲಿಷಿನಲ್ಲಿ ಆ ತಪ್ಪು ಆಗುವುದೇ ಇಲ್ಲವಲ್ಲ. ನಮ್ಮಪ್ಪನನ್ನು ಕುಡುಕ ಮಾಡಿದ್ದು ಕನ್ನಡದಲ್ಲಿ. ಅದಕ್ಕೇ, ಆ ಸಭೆಯಲ್ಲಿ ಚಪ್ಪಾಳೆ ತಟ್ಟಿದವರೆಲ್ಲ ಓದಲೆಂದು, ಕನ್ನಡದಲ್ಲೇ ಬರೆಯುತ್ತಿದ್ದೇನೆ: ನಮ್ಮಪ್ಪ ಗ್ಯಾರೇಜಿನಲ್ಲಿ ಗುಂಡು ಹಾಕುತ್ತಿದ್ದರು. ಎಣ್ಣೆ ಕೊಡುತ್ತಿದ್ದವರು ನಮ್ಮಮ್ಮ. ಆರುವವರೆಗೆ ನಾವು ಚೌಕಾಬಾರ ಆಡುತ್ತಿದ್ದೆವು.