ಬೇವೂರ ಬಸ್ಸಿನ ಬುತ್ತಿ

ಬನಶಂಕರಿಯಲ್ಲಿ ರೊಟ್ಟಿ ಮಾರುವ ಹೆಂಗಸರಿಗೆ ಹಸಿದವರ ಮುಖ ದೂರದಿಂದಲೇ ಗೊತ್ತಾಗುತ್ತದೆ. ನಾವು ಏಳು ಜನ ದರ್ಶನ ಮುಗಿಸಿ ಇನ್ನೂ ಚಪ್ಪಲಿ ಹುಡುಕುತ್ತಿದ್ದೆವು. ಅಷ್ಟರಲ್ಲೇ ಒಬ್ಬಾಕೆ ಬುಟ್ಟಿ ಇಳಿಸಿ, "ಬರ್ರೆವ್ವಾ, ಕುಂಡ್ರಿ. ಖಡಕ್ ರೊಟ್ಟಿ ಅದಾವ, ಪುಂಡಿಪಲ್ಯ ಐತಿ, ಕೆನಿಮಸರ ಐತಿ" ಎಂದು ನಮ್ಮನ್ನು ಹೊಂಡದ ಕಟ್ಟೆಯ ಮೇಲೆ ಕೂರಿಸಿಯೇಬಿಟ್ಟಳು.

ನಾವು ಏಳೂ ಜನ ಬಾಗಲಕೋಟೆಯ ಹೆಣ್ಣುಮಕ್ಕಳ ಬೋರ್ಡಿಂಗಿನಲ್ಲಿದ್ದು ಓದಿದವರು. ಹೋಗಿ ನೋಡಿಬರೋಣವೆಂದರೆ ಆ ಬೋರ್ಡಿಂಗ್ ಹಿನ್ನೀರಿನ ಕೆಳಗಿದೆ. ಅದಕ್ಕೇ ಬನಶಂಕರಿಯಲ್ಲಿ ಕೂಡಿದೆವು. ಎಲ್ಲರೂ ಅರವತ್ತು ದಾಟಿದವರು. ಮೊದಲ ಅರ್ಧ ತಾಸು ಬರೀ ಮೊಣಕಾಲು, ಸಕ್ಕರೆ ಕಾಯಿಲೆ, ಸೊಸೆಯಂದಿರ ಸುದ್ದಿ. ನಾನು ಹುನಗುಂದದ ದವಾಖಾನೆಯಲ್ಲಿ ನರ್ಸ್ ಆಗಿದ್ದು ರಿಟೈರ್ ಆದವಳು. ಒಬ್ಬೊಬ್ಬರೇ ಚೀಲದಿಂದ ರಿಪೋರ್ಟು ತೆಗೆದು ನನ್ನ ಮುಂದೆ ಹಿಡಿಯತೊಡಗಿದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ನಾ ಇಲ್ಲಿ ದವಾಖಾನಿ ತಗದು ಕುಂತಿಲ್ಲ. ಸುಮ್ಮ ಉಣ್ರಿ!" ಎಂದು ಗದರಿದೆ. ಎಲ್ಲರೂ ನಕ್ಕರು. "ಒಂದ ಗುಂಜಿನೂ ಬದಲಾಗಿಲ್ಲ ಇಕಿ" ಅಂದಳು ಇಳಕಲ್ಲಿನ ಗೆಳತಿ.

ಇವಳು ಇಳಕಲ್ಲಿನ ನೇಕಾರರ ಮನೆಯ ಮುಸಲ್ಮಾನ ಹುಡುಗಿ. ಬೋರ್ಡಿಂಗಿನಲ್ಲಿ ನನ್ನ ಪಕ್ಕದ ಹಾಸಿಗೆಯವಳು. ಈಗ ಗಂಡ ಇಲ್ಲ, ಎರಡು ಮಗ್ಗ ಇವೆ, ಮಗನ ಜೊತೆ ಸೀರೆ ನೇಯಿಸುತ್ತಾಳೆ. ಸೆರಗಿನ ಎಳೆಗಳನ್ನು ಸೀರೆಯ ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಕೂಡಿಸುವ ಕೆಲಸವನ್ನು ಇಂದಿಗೂ ಬೇರೆಯವರ ಕೈಗೆ ಬಿಡುವುದಿಲ್ಲವಂತೆ.

ರೊಟ್ಟಿ ತೆಳ್ಳಗೆ ಹಪ್ಪಳದ ಹಾಗಿತ್ತು. ನಾನು ಮುರಿಯುತ್ತ, "ನೋಡ್ರಿ, ನಮ್ಮ ವೈನಿ ಮೊದಲ ಹಿಂಗ ಬಡೀತಿದ್ಲು. ಆಮ್ಯಾಲ ಯಾಕೋ ಆಕಿ ಕೈ ಕೆಟ್ಟಿತ್ತು. ಮತ್ತ ಹದಕ್ಕ ಬರಾಕ ವರ್ಷಗಟ್ಟಲೆ ಹಿಡೀತು" ಅಂದೆ. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಇಳಕಲ್ಲಿನವಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ಇಲ್ಲಿ ಸ್ವಲ್ಪ ಹಿಂದಿನದನ್ನು ಹೇಳಬೇಕು. ಬೋರ್ಡಿಂಗಿನಲ್ಲಿ ಭಾನುವಾರ ಅಡುಗೆಯವರಿಗೆ ರಜೆ. ಅಂದು ಮನೆಯಿಂದ ಬಂದ ಬುತ್ತಿಯೇ ನಮ್ಮ ಊಟ. ಶನಿವಾರ ಸಂಜೆ ಆಯಾ ಊರಿನ ಬಸ್ಸಿನಲ್ಲಿ ಬಿಳಿ ಅರಿವೆಯ ಗಂಟುಗಳು ಬರುತ್ತಿದ್ದವು. ಕಂಡಕ್ಟರನ ಕೈಯಿಂದ ಅವನ್ನು ಇಸಿದುಕೊಂಡು ಬರಲು ಹುಡುಗಿಯರಿಗೆ ಪಾಳಿ ಇತ್ತು. ನಮ್ಮೂರು ಬೇವೂರು. ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ನಮ್ಮವ್ವ ತೀರಿಕೊಂಡಳು. ಅಪ್ಪ ಮೊದಲೇ ಇರಲಿಲ್ಲ. ಅಣ್ಣನಿಗೆ ಅವಸರದಲ್ಲಿ ಮದುವೆ ಮಾಡಿದರು. ಅವ್ವ ಕೂರುತ್ತಿದ್ದ ಒಲೆಯ ಮುಂದೆ ಯಾರೋ ಹೊಸಬಳು ಕೂತದ್ದನ್ನು ಕಂಡು ನನ್ನ ಮೈಯೆಲ್ಲ ಉರಿಯಿತು. "ನಿನ್ನ ಕೈ ರೊಟ್ಟಿ ಮುಟ್ಟಿದ್ರ ನಾ ನಮ್ಮವ್ವನ ಮಗಳಲ್ಲ" ಎಂದು ಆಕೆಯ ಮುಖಕ್ಕೇ ಹೇಳಿ, ಟ್ರಂಕು ಎತ್ತಿಕೊಂಡು ಬಾಗಲಕೋಟೆಗೆ ಬಂದೆ.

ಬುತ್ತಿ ಬರಲಿಲ್ಲ. ಹೇಗೆ ಬಂದೀತು! ಗೆಳತಿಯರು ಕರೆದರೆ, "ನಿಮ್ಮ ಮನಿದು ನನಗ ಬ್ಯಾಡ" ಎಂದು ತಾಟು ಬೋರಲು ಹಾಕಿ, ಹೊಟ್ಟೆನೋವು ಎಂದು ಮುಸುಕೆಳೆದು ಮಲಗುತ್ತಿದ್ದೆ. ಹೀಗೆ ಮೂರು ಭಾನುವಾರ ಕಳೆದವು. ಸಾಲಿಯೂ ಬೇಡ, ಏನೂ ಬೇಡ, ಮರೋಳದ ಸೋದರಮಾವನ ಮನೆಗೆ ಹೋಗಿ ಎಮ್ಮೆ ಕಾಯುತ್ತೇನೆ ಎಂದು ಬಟ್ಟೆ ತುಂಬಿಟ್ಟೆ. ಆ ಶನಿವಾರ ಇಳಕಲ್ಲಿನವಳು ಒಂದು ಗಂಟು ತಂದು ನನ್ನ ಮಡಿಲಲ್ಲಿಟ್ಟಳು.

"ತಗೋ, ಬೇವೂರ ಬಸ್ಸಿಗೆ ಬಂದೈತಿ. ನಿಮ್ಮ ವೈನಿ ಕಳಿಸ್ಯಾರ."

ಐದು ರೊಟ್ಟಿ, ಶೇಂಗಾ ಚಟ್ನಿ, ಒಂದು ಬೆಲ್ಲದ ಉಂಡೆ. ಆಣೆ ಗೀಣೆ ಎಲ್ಲ ಅಲ್ಲಿಗೇ ಮರೆತೆ. ಅಳುತ್ತ ತಿಂದೆ. ಆಮೇಲೆ ಪ್ರತಿ ವಾರ ಬಂತು. ದೀಪಾವಳಿಗೆ ಊರಿಗೆ ಹೋದಾಗ ವೈನಿಯ ಕಾಲು ಹಿಡಿದು, "ಎಷ್ಟ ತೆಳ್ಳನ ರೊಟ್ಟಿ! ನಿನ್ನ ಬುತ್ತಿ ಬರದಿದ್ರ ನಾ ಸಾಲಿ ಬಿಡ್ತಿದ್ನಿ" ಎಂದು ಅತ್ತೆ. ಆಕೆ ಏನೂ ಹೇಳದೆ ನನ್ನ ತಲೆ ಸವರಿದಳು.

ನನ್ನ ತವರು ನಿಂತದ್ದು ಆ ಗಂಟಿನ ಮೇಲೆ. ನನ್ನ ಎರಡೂ ಬಾಣಂತನ ಆಕೆಯೇ ಮಾಡಿದಳು. ಅಣ್ಣನೊಡನೆ ಮಾತು ಬಿಟ್ಟ ನಾಲ್ಕು ವರ್ಷವೂ ವೈನಿಗಾಗಿ ನಾಗರಪಂಚಮಿಗೆ ತಪ್ಪದೆ ತವರಿಗೆ ಹೋದೆ.

ಈಗ ಹೊಂಡದ ಕಟ್ಟೆಯ ಮೇಲೆ ಇಳಕಲ್ಲಿನವಳು ತುತ್ತನ್ನು ತಾಟಿನಲ್ಲಿಟ್ಟು ಹೇಳಿದಳು, "ಬೈಬ್ಯಾಡ. ಆ ತೆಳ್ಳನ ರೊಟ್ಟಿ ನಿಮ್ಮ ವೈನಿದಲ್ಲ. ನಮ್ಮ ಅಮ್ಮಂದು."

"ಏನಂದಿ?"

"ನೀ ಉಪಾಸ ಬೀಳೂದು ನೋಡಲಾರದ ಊರಿಗೆ ಚೀಟಿ ಬರದ್ನಿ. ಅಮ್ಮ ಐದು ರೊಟ್ಟಿ ಬ್ಯಾರೆ ಕಟ್ಟಿ ಕಳಿಸಿದ್ಲು. ನಮ್ಮ ಮನಿದು ಅಂದ್ರ ನೀ ತಾಟ ಬೋರಲ ಹಾಕ್ತಿದ್ದಿ. ಅದಕ್ಕ ಎಲ್ಲಾರ ಪಾಳಿನೂ ನಾನ ಹೊತಗೊಂಡು, ಬೇವೂರ ಬಸ್ಸಿಂದು ಅಂತ ಸುಳ್ಳ ಹೇಳಿದ್ನಿ. ದೀಪಾವಳಿಗೆ ನೀ ಊರಿಗೆ ಹೋದಾಗ ನನಗ ಊಟ ಸೇರಲಿಲ್ಲ. ಎಲ್ಲಾ ಬಯಲಾಗ್ತೈತಿ, ಇಕಿ ನನ್ನ ಜೋಡಿ ಮಾತ ಬಿಡ್ತಾಳ ಅಂತ. ನೀ ನಕ್ಕೋತ ಬಂದಿ. ಮರುವಾರ ಬಸ್ ಸ್ಟ್ಯಾಂಡಿಗೆ ಹೋದ್ರ ಬೇವೂರ ಕಂಡಕ್ಟರ್ ಖರೇನ ಒಂದು ಗಂಟ ಕೊಟ್ಟ. ನನ್ನ ಕೈಯಾಗ ನಿನ್ನವ ಎರಡು ಗಂಟು! ಅಲ್ಲೇ ನಿಂತು ಅತ್ನಿ. ಆಮ್ಯಾಲ ಅಮ್ಮಗ ಸಾಕು ಅಂತ ಬರದ್ನಿ."

"ಇಷ್ಟ ವರ್ಷ ಬಾಯಾಗ ಏನ ಇಟಗೊಂಡಿದ್ದಿ ಲೇ?" ನನ್ನ ದನಿ ಏರಿತು. ರೊಟ್ಟಿಯವಳು ತಿರುಗಿ ನೋಡಿದಳು. "ನಿಮ್ಮ ಅಮ್ಮ ಎಲ್ಲಿ ಅದಾರ ಈಗ?"

"ಹೋಗಿ ಹನ್ನೆರಡು ವರ್ಷ ಆತು."

ನಾನು ಆ ಮಹಾತಾಯಿಯ ಕೈಯ ರೊಟ್ಟಿ ತಿಂದಿದ್ದೆ. ಒಂದು ಸಲವೂ ಆಕೆಯ ಮುಂದೆ ನಿಂತು ಒಳ್ಳೆಯ ಮಾತಾಡಿರಲಿಲ್ಲ. ಅದರ ಬೆನ್ನಿಗೇ ವೈನಿಯ ಮೇಲೆ ಸಿಟ್ಟು ನೆತ್ತಿಗೇರಿತು. ಮಾಡದ ಉಪಕಾರಕ್ಕೆ ಕಾಲು ಹಿಡಿಸಿಕೊಂಡಳಲ್ಲ! ಇಷ್ಟು ವರ್ಷದ ತವರು ಒಂದು ಸುಳ್ಳಿನ ಮೇಲೆ ನಿಂತಿತ್ತೇ? ಅಂದು ರಾತ್ರಿಯ ನಿದ್ದೆಯೂ ಹೋಯಿತು.

ಮರುದಿನ ಮುಂಜಾನೆ ಬೇವೂರಿಗೆ ಹೋದೆ. ವೈನಿ ಅಂಗಳದಲ್ಲಿ ಕಾಲು ಚಾಚಿ ಜೋಳ ಹಸನು ಮಾಡುತ್ತಿದ್ದಳು. ಮೊಮ್ಮಕ್ಕಳು ಸುತ್ತ ಗದ್ದಲ ಎಬ್ಬಿಸಿದ್ದವು. ಸೊಸೆ ತಂದ ನೀರು ಸಹ ಮುಟ್ಟದೆ ನಿಂತೇ ಕೇಳಿದೆ, "ವೈನಿ, ಆ ವರ್ಷ ದೀಪಾವಳಿಕಿಂತ ಮೊದಲ ನೀ ನನಗ ಬುತ್ತಿ ಕಳಿಸಿದ್ದೇನು?"

ಆಕೆ ಮೊರ ಕೆಳಗಿಟ್ಟಳು. "ಇಲ್ಲ."

"ಒಂದ ಸಲನೂ?"

"ಒಂದ ಸಲನೂ ಇಲ್ಲವಾ. ನಿನ್ನ ಮಾತಿಗೆ ಅಂಜಿ ಕಳಿಸಿರಲಿಲ್ಲ." ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಇವತ್ತ ಕೇಳ್ತಿ, ನಾಳೆ ಕೇಳ್ತಿ ಅಂತ ಕಾಯ್ಕೋತ ಬಂದೇನಿ. ನನಗ ಆಗ ಹತ್ತೊಂಬತ್ತು ವರ್ಷ. ಈ ಮನಿಯಾಗ ನನ್ನ ಕಂಡು ನಕ್ಕವರ ಇರಲಿಲ್ಲ. ನೀ ಬಂದು ಕಾಲ ಹಿಡದಿ, ನನ್ನ ರೊಟ್ಟಿ ಹೊಗಳಿದಿ. ಯಾರೋ ಪುಣ್ಯಾತಗಿತ್ತಿ ನನ್ನ ಹೆಸರಿನ್ಯಾಗ ಕಳಿಸ್ಯಾಳ ಅಂತ ಆಗ ತಿಳೀತು. ನಾ ಅಲ್ಲ ಅಂದ್ರ ನೀ ಮತ್ತ ಮಾರಿ ತಿರುವಿ ಹೋಗ್ತಿ ಅಂತ ಜೀವ ಹೆದರ್ತು. ಸುಮ್ಮ ಕುಂತನಿ. ಮರುವಾರ ನಸುಕಿನ್ಯಾಗ ಎದ್ದು ನಾನ ಬಡದು ಕಟ್ಟಿದ್ನಿ. ತೆಳ್ಳಗ ಬಡ್ಯಾಕ ಎಲ್ಲಿ ಬರತಿತ್ತು ನನಗ? ನೀ ಹೊಗಳಿದ್ದ ರೊಟ್ಟಿ ಹೆಂಗ ಇದ್ದೂವೋ ಏನೋ, ಅದಕ್ಕ ಸರಿ ಆಗಬೇಕಲ್ಲಾ ಅಂತ ಬಡದ ಬಡದ ಕಲತ್ನಿ."

ನಾನು ಜಗಳವಾಡಲು ಹೋದವಳು. ಆಕೆಯ ಪಕ್ಕದಲ್ಲಿ ಕುಸಿದು ಕೂತೆ. ಆ ಹತ್ತೊಂಬತ್ತರ ಹುಡುಗಿ ಕತ್ತಲಲ್ಲೆದ್ದು, ಬಾರದ ರೊಟ್ಟಿಯನ್ನು ಬಡಿಯುತ್ತ ಕೂತದ್ದು ಕಣ್ಣಿಗೆ ಕಟ್ಟಿತು. ನಾನೋ, ರೊಟ್ಟಿ ದಪ್ಪ ಆದವೆಂದು ಬೋರ್ಡಿಂಗಿನಲ್ಲಿ ಗೊಣಗಿದ್ದೆ! "ನನ್ನ ನಾಲಿಗಿಗೆ ಬೆಂಕಿ ಹಾಕ" ಎಂದು ವೈನಿಯ ಕೈ ಹಿಡಿದುಕೊಂಡೆ. ಆಕೆ ಬಿಡಿಸಿಕೊಳ್ಳಲಿಲ್ಲ. ನಾನು ಎಷ್ಟು ಪುಣ್ಯ ಮಾಡಿದ್ದೆನೋ ಗೊತ್ತಿಲ್ಲ. ಅವ್ವ ಹೋದ ವರ್ಷವೇ ಮೂರು ಹೆಂಗಸರು ನನ್ನನ್ನು ಹಸಿಯಗೊಡಲಿಲ್ಲ.

"ಯಾರಕಿ ಆ ಪುಣ್ಯಾತಗಿತ್ತಿ?" ಎಂದು ವೈನಿ ಕೇಳಿದಳು. ಹೇಳಿದೆ. ತಾಯಿ ತೀರಿಹೋದದ್ದನ್ನೂ ಹೇಳಿದೆ. ವೈನಿ ಮೊಣಕಾಲು ಹಿಡಿದು ಎದ್ದಳು. ಸೊಸೆಯಂದಿರು, "ಅತ್ತೀ, ನಾವು ಬಡೀತೇವಿ ಬಿಡ್ರಿ" ಅಂದರೂ ಕೇಳದೆ ಒಲೆಯ ಮುಂದೆ ತಾನೇ ಕೂತಳು. ಐದು ರೊಟ್ಟಿ, ಶೇಂಗಾ ಚಟ್ನಿ, ಒಂದು ಬೆಲ್ಲದ ಉಂಡೆ. ಬಿಳಿ ಅರಿವೆಯಲ್ಲಿ ಕಟ್ಟಿ ನನ್ನ ಕೈಗಿಟ್ಟಳು.

"ಕಂಡಕ್ಟರ್ ಕೈಯಾಗ ಕೊಟ್ಟೀಯ ಮತ್ತ! ನೀನ ಹೋಗಿ ಕೊಡು."

ಹುನಗುಂದದಲ್ಲಿ ಬಸ್ಸು ಬದಲಿಸಿ, ಮನೆಗೂ ಹೋಗದೆ, ನೆಟ್ಟಗೆ ಇಳಕಲ್ಲಿಗೆ ಹೋದೆ. ಗೆಳತಿ ಮಗ್ಗದ ಮುಂದೆ ಕೂತು ಕೊಂಡಿ ಕೂಡಿಸುತ್ತಿದ್ದಳು. ನನ್ನನ್ನು ಕಂಡು ಆಕೆಯ ಮುಖ ಬಾಡಿತು. ಬೈಯಲು ಬಂದೆ ಅಂದುಕೊಂಡಿರಬೇಕು. ಗಂಟನ್ನು ಆಕೆಯ ಮಡಿಲಲ್ಲಿಟ್ಟೆ.

"ತಗೋ, ಬೇವೂರ ಬಸ್ಸಿಗೆ ಬಂದೈತಿ. ನಮ್ಮ ವೈನಿ ಕಳಿಸ್ಯಾಳ."

ಗಂಟು ಬಿಚ್ಚಿದಳು. ರೊಟ್ಟಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ಎವ್ವಾ, ಅಮ್ಮ ಬಡದಂಗ ಅದಾವಲ್ಲೇ!" ಎಂದು ಅಳತೊಡಗಿದಳು. ಆಮೇಲೆ ಅದನ್ನು ಮುರಿದು, ಚಟ್ನಿ ಹಚ್ಚಿ, ಅರ್ಧವನ್ನು ನನ್ನ ಕಡೆಗೆ ಚಾಚಿದಳು.

ಈ ಸಲ ನಾನು ಬೇಡ ಅನ್ನಲಿಲ್ಲ.