ಸಾರಿನ ಲಿಫ್ಟು ಮತ್ತು ನಾಲ್ಕು ವಾಕಿಟಾಕಿ

2023ರ ಮಾಘ ಮಾಸ. ಬನಶಂಕರಿಯ ಒಂದು ಕಲ್ಯಾಣ ಮಂಟಪದಲ್ಲಿ ನಾನು ಅಡುಗೆಮನೆಯ ಮೇಸ್ತ್ರಿಯಾಗಿದ್ದೆ. ಓದಿದ್ದು ಮೂರನೇ ಕ್ಲಾಸು. ಸಾರಕ್ಕಿ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿಗೆ ಸೊಸೆಯಾಗಿ ಬಂದವಳು. ಮಸಾಲೆ ರುಬ್ಬುವ ಕೂಲಿಯಿಂದ ಶುರುಮಾಡಿ, ಮೊಮ್ಮಕ್ಕಳು ಕಾಲೇಜಿಗೆ ಹೋಗುವ ಹೊತ್ತಿಗೆ ಬರೀ ಬಾಯಿಯಲ್ಲಿ ಕೆಲಸ ಮಾಡಿಸುವ ಜಾಗಕ್ಕೆ ಏರಿದ್ದೆ. ಸಾವಿರ ಎಲೆಯ ಊಟ ಅಂದರೆ ನನಗೆ ಭಯವಿರಲಿಲ್ಲ. ಅಂಥ ನಾನು ಹೆದರಿದ್ದು ಒಂದೇ ದಿನ. ಆ ದಿನದ ಸಂಗತಿ ಇದು.

ಮೊದಲು ಕಟ್ಟಡದ ವಿಷಯ ಹೇಳಬೇಕು. ನೆಲಮಾಳಿಗೆಯಲ್ಲಿ ಅಡುಗೆಮನೆ, ಅದರ ಮೇಲೆ ಮುಹೂರ್ತದ ಹಾಲ್, ಅದರ ಮೇಲೆ ಊಟದ ಹಾಲ್, ತುದಿಯಲ್ಲಿ ತಾರಸಿ. ಅಡುಗೆಯನ್ನು ಮೇಲೆ ಕಳಿಸಲು ಸಾಮಾನಿನ ಲಿಫ್ಟು ಇತ್ತು. ಮಡಚುವ ಕಬ್ಬಿಣದ ಗೇಟು, ಒಳಗೆ ತಗಡಿನ ಪೆಟ್ಟಿಗೆ. ಮನುಷ್ಯರು ಹತ್ತುವಂತಿಲ್ಲ ಎಂದು ಗೋಡೆಯ ಮೇಲೆ ಬರೆದಿತ್ತು. ನೆಲಮಾಳಿಗೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಅನ್ನ ಬೇಕು, ಪಲ್ಯ ಸಾಕು ಎಂದು ಹೇಳಲು ಮೊದಲೆಲ್ಲ ಒಬ್ಬರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಆಮೇಲೆ ಹಳೇ ವಾಕಿಟಾಕಿ ಬಂತು. ಅದರಲ್ಲಿ ಮಾತಿಗಿಂತ ಗೊರಗೊರವೇ ಹೆಚ್ಚು. ಅದು ಕೆಟ್ಟ ಮೇಲೆ ಆಡಳಿತದವರು ಡಿಜಿಟಲ್ ರೇಡಿಯೊ ತರಿಸಿದರು. ನೋಡಲು ಅದೂ ವಾಕಿಟಾಕಿಯೇ, ಕೈಗೆ ಹದವಾಗಿತ್ತು.

ಅಂಗಡಿಯವನೇ ಬಂದು ಹೇಳಿಕೊಟ್ಟ. ಬೆನ್ನಿನ ಕಡೆ ಬ್ಯಾಟರಿ, ಒಂದು ಕೊಂಡಿ ಒತ್ತಿದರೆ ಬಿಚ್ಚುತ್ತದೆ. ಮಗ್ಗುಲಿನ ದಪ್ಪ ಗುಂಡಿ ಒತ್ತಿ, ಒಂದು ಉಸಿರು ಬಿಟ್ಟು ಮಾತಾಡಬೇಕು. ಒತ್ತಿದ ಕೂಡಲೇ ಮಾತಾಡಿದರೆ ಮೊದಲ ಮಾತು ಕತ್ತರಿಸಿ ಹೋಗುತ್ತದೆ. ಚಾನೆಲ್ಲನ್ನು ಕಂಪ್ಯೂಟರಿಗೆ ಜೋಡಿಸಿ ಕೂರಿಸಬೇಕು. ಅದಿಲ್ಲದ ಸೆಟ್ಟು ನಮ್ಮ ಸೆಟ್ಟುಗಳ ಜೊತೆ ಮಾತಾಡುವುದಿಲ್ಲ. ಮೂರು ಸೆಟ್ಟಿಗೆ ಅವನು ಕೂರಿಸಿಕೊಟ್ಟ. ಹೆಚ್ಚುವರಿಯಾಗಿ ತಂದ ನಾಲ್ಕನೆಯದನ್ನು ಅಂಗಡಿಗೆ ಯಾವಾಗಲಾದರೂ ತನ್ನಿ ಎಂದ. ಅದು ಡಬ್ಬಿಯಲ್ಲೇ ಉಗ್ರಾಣ ಸೇರಿತು.

"ಆಂಟಿ, ಒಂದು ನೆನಪಿಟ್ಕೊಳಿ," ಎಂದ ಅವನು. "ಹಳೇದು ಸಾಯೋ ಮುಂಚೆ ನರಳ್ತಿತ್ತು. ಇದು ನರಳಲ್ಲ. ಬೀಪ್ ಬೀಪ್ ಅನ್ನುತ್ತೆ, ಆಮೇಲೆ ಪಟ್ಟಂತ ಹೋಗುತ್ತೆ. ದಿನಾ ಗೂಡಲ್ಲಿಟ್ಟು ಚಾರ್ಜ್ ಮಾಡಿ. ಕೆಂಪು ದೀಪ ಅಂದ್ರೆ ತುಂಬ್ತಿದೆ, ಹಸಿರು ಅಂದ್ರೆ ತುಂಬಿದೆ."

ಗೂಡು ಎಂದರೆ ಚಾರ್ಜರಿನ ಕುಳಿ. ಸೆಟ್ಟನ್ನು ಅದರಲ್ಲಿ ನಿಲ್ಲಿಸಿದರೆ ಬೆನ್ನಿನ ಕೆಳಗಿರುವ ಹಿತ್ತಾಳೆ ಬಣ್ಣದ ಚುಕ್ಕಿಗಳು ಗೂಡಿನ ಮುಳ್ಳುಗಳಿಗೆ ತಗುಲಿ ಕರೆಂಟು ಹರಿಯುತ್ತದೆ. ಸೆಟ್ಟು ಒಂದು ನನಗೆ, ಒಂದು ಊಟದ ಹಾಲಿನವರಿಗೆ, ಇನ್ನೊಂದು ಶಿವಣ್ಣನಿಗೆ. ಜನರೇಟರು, ಲಿಫ್ಟು, ದೀಪ ಎಲ್ಲ ನೋಡಿಕೊಳ್ಳುತ್ತಿದ್ದವನು ಅವನೇ.

ನಮ್ಮ ಅಡುಗೆಮನೆಯಲ್ಲಿ ಹೊಸ ಸಾಮಾನು ಪೂಜೆಯಿಲ್ಲದೆ ಕೆಲಸಕ್ಕೆ ಇಳಿಯುವುದಿಲ್ಲ. ಗ್ರೈಂಡರಾಗಲಿ, ಜಾಲರಿಯಾಗಲಿ, ಮೊದಲು ವಿಭೂತಿ, ಹೂವು, ಊದುಬತ್ತಿ. ಮಾರನೆಯ ಸೋಮವಾರ ಮಹಾದೇವಿ ಆ ಕೆಲಸ ಮಾಡಿದಳು. ಗದಗದ ಕಡೆಯ ಹೆಂಗಸು, ಬಿಟಿಎಂನಲ್ಲಿ ಗಂಡನೊಡನೆ ಬಾಡಿಗೆಗಿದ್ದಳು, ನನ್ನ ಬಲಗೈ. ಮುಂದೆ ಪರದೆ, ಗುಂಡಿ ಇವೆ, ಅಲ್ಲಿ ಹಚ್ಚಿದರೆ ಕೆಟ್ಟೀತು ಎಂದು ಮೂರೂ ಸೆಟ್ಟನ್ನು ಮಗುಚಿ, ಬೆನ್ನಿಗೆ ವಿಭೂತಿ ಕಲಸಿ ಮೂರು ಬೆರಳಲ್ಲಿ ದಪ್ಪಗೆ ಎಳೆದಳು. ನಾನೂ ಕೈ ಮುಗಿದೆ. ಒಂದು ಮದುವೆ ಅದರಲ್ಲೇ ನಡೆಯಿತು. ಸಂಜೆ ಗೂಡಿಗಿಟ್ಟೆವು, ಬೆಳಿಗ್ಗೆ ನೋಡಿದರೆ ಹಸಿರು ದೀಪ. ಸಂತೋಷವಾಯಿತು.

ಮುಂದಿನ ಮದುವೆಯ ದಿನ ಮುಹೂರ್ತ ಮಧ್ಯಾಹ್ನಕ್ಕಿತ್ತು. ಅಕ್ಷತೆ ಬಿದ್ದ ಕೂಡಲೇ ಜನ ಊಟದ ಹಾಲಿಗೆ ನುಗ್ಗುತ್ತಾರೆ. ಅದಕ್ಕೆ ಮೊದಲೇ ಅಡುಗೆ ಮೇಲಿರಬೇಕು. ಬೆಳಗಿನಿಂದ ನನ್ನ ಸೊಂಟದ ಸೆಟ್ಟು ಆಗಾಗ ಬೀಪ್ ಅನ್ನುತ್ತಿತ್ತು. ಅಡುಗೆಯ ಚಂದ್ರು, "ಏನಮ್ಮ, ನಿಮ್ ಕೋಳಿಮರಿ ಚಿಲಿಪಿಲಿ ಅಂತಿದೆ," ಎಂದು ನಕ್ಕ. "ಹಸಿರು ದೀಪ ನೋಡೇ ತಗೊಂಡಿದೀನಿ, ನೀನು ಒಗ್ಗರಣೆ ನೋಡು," ಎಂದೆ. ನನ್ನ ಲೆಕ್ಕಕ್ಕೆ ಸೆಟ್ಟು ತುಂಬಿತ್ತು.

ಅನ್ನ, ಪಲ್ಯ ಮೇಲೆ ಹೋದವು. ಉಳಿದದ್ದು ಸಾರಿನ ದೊಡ್ಡ ಡಬರಿ. ಒಲೆಯಿಂದ ಆಗ ತಾನೇ ಇಳಿಸಿದ್ದು, ಇನ್ನೂ ಕೊತಕೊತ ಅನ್ನುತ್ತಿತ್ತು. ಡಬರಿ ಕೂರುವ ಗಾಲಿಗಾಡಿಯ ಲಾಕು ಅವತ್ತೇ ಮುರಿಯಬೇಕೆ. ಹಿಡಿಯದಿದ್ದರೆ ಗಾಡಿ ಲಿಫ್ಟಿನೊಳಗೆ ಅತ್ತಿತ್ತ ಉರುಳುತ್ತದೆ. ನಾನು ಬೇರೆ ಗಾಡಿ ಹುಡುಕಲು ಉಗ್ರಾಣದ ಕಡೆ ತಿರುಗಿದೆ. ಅಷ್ಟರಲ್ಲಿ ಮಹಾದೇವಿ ಡಬರಿಯ ಜೊತೆ ತಾನೂ ಲಿಫ್ಟಿನೊಳಗೆ ಹೋಗಿ ಗೇಟು ಎಳೆದುಕೊಂಡು ಗುಂಡಿ ಒತ್ತಿದ್ದಳು.

ಲಿಫ್ಟು ಗುರ್ ಎಂದು ಎದ್ದಿತು. ಎದ್ದ ಬೆನ್ನಿಗೇ ಕರೆಂಟು ಹೋಯಿತು.

ನಮ್ಮ ಜನರೇಟರು ಹಾಲಿನ ದೀಪಕ್ಕೂ ಮೈಕಿಗೂ ಅಷ್ಟೇ. ಲಿಫ್ಟಿಗಾಗಲಿ ಅಡುಗೆಮನೆಗಾಗಲಿ ಅದರ ಸಂಪರ್ಕವಿಲ್ಲ. ಮೊಬೈಲಿನ ಬೆಳಕು ಹಿಡಿದು ಲಿಫ್ಟಿನ ಬಳಿ ಹೋದೆವು. ಪೆಟ್ಟಿಗೆಯ ತಳ ನನ್ನ ಎದೆಮಟ್ಟಕ್ಕೆ ಬಂದು ನಿಂತಿತ್ತು. ಅದರ ಕೆಳಗೆ ಕತ್ತಲ ಗುಂಡಿ. ಮೇಲೆ, ಬಾಗಿಲ ತಲೆಕಟ್ಟಿಗೂ ಪೆಟ್ಟಿಗೆಯ ತಳಕ್ಕೂ ನಡುವೆ ಒಂದೂವರೆ ಮೊಳದ ಸಂದು. ಆ ಸಂದಿನಲ್ಲಿ ಮಹಾದೇವಿಯ ಕಾಲು, ಗಾಡಿಯ ಗಾಲಿ, ಡಬರಿಯ ಹೊಟ್ಟೆ ಕಂಡವು. ನಿಂತ ಜಗ್ಗಿಗೆ ಗಾಡಿ ಉರುಳಿ ಬಂದು ಅವಳನ್ನು ಮೂಲೆಗೆ ಒತ್ತಿತ್ತು. ಮಡಚಿದ ಗೋಣಿಚೀಲ ಮೊಣಕಾಲಿಗೆ ಅಡ್ಡವಿಟ್ಟು ಗಾಡಿಯನ್ನು ತಡೆದು ನಿಂತಿದ್ದಳು. ಸಾರಿನ ಹಬೆ ಸಂದಿನಿಂದ ಹೊರಗೆ ಬರುತ್ತಿತ್ತು.

"ಮಾದೇವಿ, ಸುಟ್ತೇನೇ?"

"ಪಾದಕ್ಕ ಒಂದೀಟು ಬಿತ್ರಿ ಅಮ್ಮಾರ. ಮುಚ್ಚಳ ವಾರೆ ಆಗೇತ್ರಿ. ಇನ್ನೊಮ್ಮೆ ಜಗ್ಗಿದ್ರ ಎಲ್ಲಾ ನನ್ನ ಮ್ಯಾಲೇ."

ಚಂದ್ರು ಆಗಲೇ ಕೆಳಗಿನ ಗೇಟು ಸರಿಸಿ ಸಂದಿಗೆ ಕೈ ಹಾಕಿದ್ದ. "ಅಕ್ಕ, ಬಗ್ಗಿ, ಎಳ್ಕೊಂಬಿಡ್ತೀನಿ."

ಅವನ ತೋಳು ಹಿಡಿದು ಹಿಂದಕ್ಕೆಳೆದೆ. "ಕೈ ತೆಗಿಯೋ. ಅರ್ಧ ಮೈ ಈಚೆ, ಅರ್ಧ ಮೈ ಆಚೆ ಇದ್ದಾಗ ಲಿಫ್ಟು ಎದ್ರೆ ಏನ್ ಉಳಿಯುತ್ತೆ ಅವಳಲ್ಲಿ?"

ನಾನು ಸುಮ್ಮನೆ ಹೆದರಿಸಲಿಲ್ಲ. ನಮ್ಮ ಲಿಫ್ಟಿಗೆ ಒಂದು ಕೆಟ್ಟ ಚಾಳಿಯಿತ್ತು. ಹೋದ ಕರೆಂಟು ಬಂದಾಗ, ಯಾರೂ ಗುಂಡಿ ಒತ್ತದಿದ್ದರೂ ಒಂದು ಸಲ ಜಗ್ಗಿ ತಾನೇ ಹೊರಡುತ್ತಿತ್ತು. ಅದನ್ನು ತಡೆಯಲು ಇದ್ದದ್ದು ಒಂದೇ ದಾರಿ. ತಾರಸಿಯ ಮೇಲಿನ ಮೋಟಾರು ಕೋಣೆಯಲ್ಲಿ ಲಿಫ್ಟಿನ ಮೇನ್ ಸ್ವಿಚ್ಚು ಆಫ್ ಮಾಡಬೇಕು. ಆಮೇಲೆ ಒಬ್ಬ ಬ್ರೇಕಿನ ಹಿಡಿ ಸಡಿಲಿಸಿ, ಇನ್ನೊಬ್ಬ ಚಕ್ರವನ್ನು ಕೈಯಿಂದ ತಿರುಗಿಸಿ ಪೆಟ್ಟಿಗೆಯನ್ನು ಇಳಿಸಬಹುದು. ಆದರೆ ಮೇಲಿನವರಿಗೆ ಕೆಳಗಿನದು ಕಾಣುವುದಿಲ್ಲ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಿಧಾನಿಸಬೇಕು ಎಂದು ಕೆಳಗಿನವರು ಹೇಳುತ್ತಿರಬೇಕು.

ಸೆಟ್ಟಿನ ಗುಂಡಿ ಒತ್ತಿದೆ. "ಶಿವಣ್ಣ, ಲಿಫ್ಟಲ್ಲಿ ಮಾದೇವಿ ಸಿಕ್ಕಾಕ್ಕೊಂಡವಳೆ, ಬಿಸಿ ಸಾರಿನ ಜೊತೆ. ವಾಚ್‌ಮನ್ನ ಕರ್ಕೊಂಡು ತಾರಸಿಗೆ ಓಡು."

"ಹೊರಟೆ ಅಮ್ಮ."

ಊಟದ ಹಾಲಿನವರನ್ನೂ ಕರೆದೆ. ಉತ್ತರವಿಲ್ಲ. ಸ್ವಲ್ಪ ಹೊತ್ತಿಗೆ ಶಿವಣ್ಣ ಏದುಸಿರಿನಲ್ಲಿ ಹೇಳಿದ: "ಮೇಲೆ ಬಂದೆ ಅಮ್ಮ, ಬೀಗ ತೆಗಿತಿದೀನಿ."

"ಚಕ್ರ ಮುಟ್ಟೋಕ್ ಮುಂಚೆ ಮೇನ್..." ಎನ್ನುತ್ತಿದ್ದಂತೆ ಕೈಯಲ್ಲಿದ್ದ ಸೆಟ್ಟಿನ ಬೆಳಕು ಆರಿತು. ಗೊರಗೊರವಿಲ್ಲ, ನರಳಾಟವಿಲ್ಲ. ಅಂಗಡಿಯವನು ಹೇಳಿದಂತೆಯೇ ಪಟ್ಟನೆ ಹೋಯಿತು.

ಶಿವಣ್ಣ ಎಷ್ಟು ಕೇಳಿಸಿಕೊಂಡ? ಗೊತ್ತಿಲ್ಲ. ಅವನಿಗೆ ಕೆಲಸ ಗೊತ್ತು, ನಿಜ. ಆದರೆ ಹೆಂಗಸು ಒಳಗಿದ್ದಾಳೆ ಎಂಬ ಗಾಬರಿಯಲ್ಲಿ ಮನುಷ್ಯ ಚಕ್ರಕ್ಕೇ ಮೊದಲು ಕೈ ಹಾಕುತ್ತಾನೆ. ಆಗ ಕರೆಂಟು ಬಂದರೆ ಕೆಳಗೆ ಇವಳು, ಮೇಲೆ ಅವನು. ಚಂದ್ರುವನ್ನು ಮೆಟ್ಟಿಲಿಗೆ ಓಡಿಸಿದೆ. "ಮೇನ್ ಆಫ್ ಅಂತ ಹೇಳು. ಬೇರೇನೂ ಹೇಳ್ಬೇಡ." ಅವನು ಬಾಗಿಲು ತೆಗೆದಾಗ ಗಟ್ಟಿಮೇಳ ಶುರುವಾಗಿತ್ತು. ಮೆಟ್ಟಿಲ ತುಂಬ ರೇಷ್ಮೆ ಸೀರೆಯ ಜನ ಎದ್ದು ನಿಂತು ಕೈಯಲ್ಲಿ ಅಕ್ಷತೆ ಹಿಡಿದಿದ್ದರು. ಅವನು ಆ ಗುಂಪಿನಲ್ಲಿ ಸಿಕ್ಕಿಕೊಂಡದ್ದು ನನಗೇ ಕಂಡಿತು. ಕೂಗಿದರೆ ಡೋಲಿನ ಮುಂದೆ ಯಾರಿಗೆ ಕೇಳೀತು.

"ಅಮ್ಮಾರ, ಅದೀರೇನ್ರಿ?"

"ಇದೀನಿ. ಮಾತಾಡ್ಬೇಡ, ಗಾಡಿ ಹಿಡ್ಕೊ."

ಆಗ ಡಬ್ಬಿಯಲ್ಲಿದ್ದ ನಾಲ್ಕನೆಯ ಸೆಟ್ಟು ನೆನಪಾಯಿತು. ಉಗ್ರಾಣಕ್ಕೆ ಹೋಗಿ ಬೆಲ್ಲದ ಪೆಟ್ಟಿಗೆಯ ಹಿಂದಿನಿಂದ ಎಳೆದು ತಂದೆ. ಆನ್ ಮಾಡುವ ತಿರುಪು ತಿರುಗಿಸಿದರೆ ಬೆಳಕು ಬಂತು. ಗುಂಡಿ ಒತ್ತಿ ಶಿವಣ್ಣ ಎಂದೆ. ಏನೂ ಇಲ್ಲ. ಇದಕ್ಕೆ ನಮ್ಮ ಚಾನೆಲ್ ಕೂರಿಸಿಯೇ ಇರಲಿಲ್ಲವಲ್ಲ. ಎರಡು ಕೈಯಲ್ಲಿ ಎರಡು ಸೆಟ್ಟು ಹಿಡಿದು ಒಂದು ಗಳಿಗೆ ನಿಂತೆ. ಒಂದಕ್ಕೆ ಜೀವವಿದೆ, ದಾರಿ ಗೊತ್ತಿಲ್ಲ. ಇನ್ನೊಂದಕ್ಕೆ ದಾರಿ ಗೊತ್ತು, ಜೀವವಿಲ್ಲ. ನಿಂಬೆಹಣ್ಣು ಹೆಚ್ಚುವ ಮಣೆಯ ಮೇಲೆ ಎರಡನ್ನೂ ಮಗುಚಿ ಹಾಕಿದೆ. ಕೊಂಡಿ ಒತ್ತಿ ಹೊಸದರ ಬ್ಯಾಟರಿ ಬಿಚ್ಚಿದೆ. ನನ್ನದರ ಕೊಂಡಿ ಎಣ್ಣೆಗೈಗೆ ಜಾರಿತು. ಸೆರಗಿನಲ್ಲಿ ಕೈ ಒರೆಸಿಕೊಂಡು ಉಗುರು ಹಾಕಿ ಎತ್ತಿದೆ. ಉಗುರು ಮುರಿಯಿತು, ಬ್ಯಾಟರಿ ಬಂತು. ನನ್ನದರ ಬೆನ್ನಿಗೆ ಹೊಸದರ ಬ್ಯಾಟರಿ ಕೂರಿಸಿದೆ. ಟಕ್ ಎಂದಿತು. ಸೆಟ್ಟು ಎಚ್ಚರವಾಗಲು ಎಷ್ಟು ಹೊತ್ತು ಹಿಡಿಯಿತೋ, ನನಗೆ ಮಾತ್ರ ಒಂದು ಸಾರು ಕುದಿಯುವಷ್ಟು ಎನಿಸಿತು.

"ಶಿವಣ್ಣ, ಮೇನ್ ಆಫ್ ಮಾಡಿದೀಯಾ?"

"ಮಾಡಿದೀನಿ ಅಮ್ಮ. ನಿಮ್ ದನಿ ಇಲ್ದೆ ಚಕ್ರ ಮುಟ್ಟಿಲ್ಲ. ಎಲ್ಲೋಗಿದ್ರಿ?"

ಅದೇ ಹೊತ್ತಿಗೆ ಅಡುಗೆಮನೆಯ ದೀಪಗಳು ಹತ್ತಿದವು. ಕರೆಂಟು ಬಂದಿತ್ತು. ನಾನು ಪೆಟ್ಟಿಗೆಯನ್ನೇ ನೋಡಿದೆ. ಅದು ಕದಲಲಿಲ್ಲ.

ಇನ್ನು ಇಳಿಸುವ ಕೆಲಸ. ಮೊದಲು ಹುಗ್ಗಿ ತಿರುವುವ ಉದ್ದನೆಯ ಮರದ ಹುಟ್ಟಿನ ತುದಿಯಿಂದ ಒದ್ದೆ ಗೋಣಿಚೀಲವನ್ನು ಸಂದಿನಲ್ಲಿ ತಳ್ಳಿ ಗಾಲಿಯ ಅಡಿಗೆ ಸಿಕ್ಕಿಸಿದೆ. ಯಾರ ಕೈಯನ್ನೂ ಒಳಗೆ ಬಿಡಲಿಲ್ಲ. ಆಮೇಲೆ ಅವಳ ಮಾತನ್ನು ನಾನು ಮೇಲಕ್ಕೆ, ಅವನ ಮಾತನ್ನು ಕೆಳಕ್ಕೆ ದಾಟಿಸತೊಡಗಿದೆ.

"ಬಿಡು ಶಿವಣ್ಣ. ಬೆರಳಗಲ."

ಪೆಟ್ಟಿಗೆ ನಡುಗಿ ಇಳಿಯಿತು. ಸಾರು ಅಂಚು ದಾಟಿ ತಗಡಿನ ಮೇಲೆ ಚುರ್ ಎಂದಿತು.

"ನಿಲ್ಸು. ಮಾದೇವಿ?"

"ಬಿತ್ರಿ. ನನ್ನ ಮ್ಯಾಲ ಅಲ್ಲ. ಇಳಸ್ರಿ."

"ಬಿಡು. ಇನ್ನೂ ಮೆತ್ತಗೆ. ಹಸುಗೂಸು ತೊಟ್ಟಿಲಿಗೆ ಹಾಕ್ದಂಗೆ."

"ಅಮ್ಮ, ನಾನ್ ತೊಟ್ಟಿಲು ತೂಗಿದೋನಲ್ಲ, ನನ್ ಹೆಂಡ್ತಿ ಕೇಳಿ," ಎಂದ ಶಿವಣ್ಣ.

ಹಾಗೆ ಬಿಟ್ಟು ಹಿಡಿದು, ಬಿಟ್ಟು ಹಿಡಿದು, ತಳ ನನ್ನ ಸೊಂಟಕ್ಕೆ, ಮೊಣಕಾಲಿಗೆ ಬಂತು. ಕೊನೆಗೆ ನೆಲಕ್ಕೆ ಸಮವಾಯಿತು. ಗೇಟು ಸರಿಸಿ ಮೊದಲು ಗಾಡಿಯನ್ನು ಹಿಡಿದು ಹೊರಗೆಳೆದೆವು, ಆಮೇಲೆ ಅವಳು ಬಂದಳು. ಬಲಪಾದ ಕೆಂಪಾಗಿತ್ತು, ಬೊಬ್ಬೆ ಏಳುತ್ತಿತ್ತು. ನಲ್ಲಿಯ ಕೆಳಗೆ ಕೂರಿಸಿ ತಣ್ಣೀರು ಬಿಟ್ಟೆ. ಆಸ್ಪತ್ರೆಗೆ ಆಟೊ ಹೇಳಿ ಎಂದೆ. ಸೆರಗಿನಿಂದ ಮುಖ ಒರೆಸಿಕೊಂಡು ಮಹಾದೇವಿ ಅಂದಳು:

"ಅಮ್ಮಾರ, ಒಂದು ಹನಿ ಬಾಯಾಗ ಬಿತ್ರಿ. ಉಪ್ಪು ಕಡಿಮಿ ಐತಿ."

ಬಯ್ಯಬೇಕು ಎಂದುಕೊಂಡಿದ್ದವಳು ಬಯ್ಯಲಿಲ್ಲ. ನೆಕ್ಕಿ ನೋಡಿದೆ, ಕಡಿಮೆಯೇ ಇತ್ತು. ಹಾಕಿಸಿದೆ. ಸಾರು ಮೆಟ್ಟಿಲ ಮೇಲೆ ಬಕೆಟ್ಟಿನಲ್ಲಿ ಹೋಯಿತು. ಮೇಲೆ ಉಂಡವರಿಗೆ ಏನೂ ತಿಳಿಯಲಿಲ್ಲ. ತಿಳಿಯಬೇಕಾಗಿಯೂ ಇರಲಿಲ್ಲ.

ಪಂಕ್ತಿ ಮುಗಿದ ಮೇಲೆ ಸತ್ತ ಬ್ಯಾಟರಿಯನ್ನು ಸೆಟ್ಟಿಗೆ ಹಾಕಿ ಗೂಡಿಗಿಟ್ಟೆ. ಹಸಿರು ದೀಪ. ಎತ್ತಿದೆ. ಗೂಡು ಖಾಲಿ, ಆದರೂ ಹಸಿರು. ಅಂದರೆ ಅಲ್ಲಿ ಏನೂ ಇಲ್ಲದಿದ್ದರೂ ಅದು ಹಸಿರೇ. ಸೆಟ್ಟಿನ ಬೆನ್ನು ತಿರುಗಿಸಿ ನೋಡಿದೆ. ಮಹಾದೇವಿ ಎಳೆದ ಮೂರನೆಯ ಪಟ್ಟೆ ಸರಿಯಾಗಿ ಆ ಚುಕ್ಕಿಗಳ ಮೇಲೆ ಒಣಗಿ ಕೂತಿತ್ತು. ಬೂದಿ ಕರೆಂಟನ್ನು ಬಿಡುವುದಿಲ್ಲ. ನಿಂಬೆ ಮಣೆಯ ಬಟ್ಟೆಯಿಂದ ಉಜ್ಜಿ ಇಟ್ಟೆ. ಕೆಂಪು ಹತ್ತಿತು. ಊಟದ ಹಾಲಿನ ಸೆಟ್ಟೂ ಹೀಗೇ ಸತ್ತಿತ್ತು.

ಶಿವಣ್ಣನದು ಹೇಗೆ ಬದುಕಿತ್ತು? ಅವನ ಕೈಯಲ್ಲಿ ಸದಾ ಡೀಸೆಲ್ಲು. ಮುಟ್ಟಿದ್ದನ್ನೆಲ್ಲ ಹೆಗಲ ಬಟ್ಟೆಯಲ್ಲಿ ಒರೆಸಿ ಇಡುವುದು ಅವನ ಅಭ್ಯಾಸ. ವಿಭೂತಿಯೂ ಹೋಗಿತ್ತು. ವಿಷಯ ತಿಳಿದು, "ಅಮ್ಮ, ದೇವ್ರು ನನ್ನ ಕೇಳ್ತಾನಾ?" ಎಂದ. "ಕೇಳಿದ್ರೆ ಮಾದೇವಿ ಕಾಲು ತೋರ್ಸು," ಎಂದೆ.

ಪೂಜೆ ಬಿಡಲಿಲ್ಲ. ಈಗ ವಿಭೂತಿ ಗೂಡಿರುವ ಮೇಜಿನ ಕಾಲಿಗೆ ಬೀಳುತ್ತದೆ. ನಾಲ್ಕನೆಯದಕ್ಕೂ ಚಾನೆಲ್ ಕೂರಿಸಿದ್ದಾಯಿತು. ಲಿಫ್ಟಿನ ಚಾಳಿ ಬಿಡಿಸದೆ ಒಲೆ ಹಚ್ಚುವುದಿಲ್ಲ ಎಂದು ಕೂತೆ, ಆಡಳಿತದವರು ರಿಪೇರಿ ಮಾಡಿಸಿದರು. ನನಗೆ ಆ ಕೆಲಸ ಕಲಿಸಿದ್ದು ಇಷ್ಟು: ದೀಪ ನೋಡಿ ತುಂಬಿದೆ ಅನ್ನಬೇಡ, ಮಾತಾಡಿಸಿ ನೋಡು. ಮನುಷ್ಯರ ವಿಷಯದಲ್ಲಿ ಇದು ಮೊದಲೇ ಗೊತ್ತಿತ್ತು. ಯಂತ್ರಕ್ಕೂ ಅದೇ ಎಂದು ಗೊತ್ತಿರಲಿಲ್ಲ.

ಮೊಣಕಾಲು ನೋವೆಂದು ನಾನು ಕೆಲಸ ಬಿಟ್ಟು ವರ್ಷವಾಯಿತು. ಮೇಸ್ತ್ರಿ ಈಗ ಮಹಾದೇವಿ. ಹೋದ ವಾರ ನೋಡಿ ಬರಲು ಹೋಗಿದ್ದೆ. ಒಲೆ ಇನ್ನೂ ಹಚ್ಚಿರಲಿಲ್ಲ, ಒಂದು ಬೇಳೆಯೂ ಬೆಂದಿರಲಿಲ್ಲ. ಮೊದಲು ಸೆಟ್ಟನ್ನು ಮಾತಾಡಿಸಿ ನೋಡಲು ಅವಳು ಅದನ್ನು ಎತ್ತಿ ಗುಂಡಿ ಒತ್ತಿ, ಒಂದು ಉಸಿರು ಬಿಟ್ಟು ಕೇಳಿದಳು:

"ಶಿವಣ್ಣಾರ, ಉಪ್ಪು?"

ತಾರಸಿಯಿಂದ ಉತ್ತರ ಬಂತು. "ಕಡಿಮೆ."

"ಹಚ್ರಿ ಒಲಿ," ಎಂದಳು ಮಹಾದೇವಿ.